ಸೆನ್ಸರ್ ಕೊಳ್ಳುವ ಮುಂಚೆ ಮೆಷಿನ್ ಪಕ್ಕ ನಿಲ್ಲಿ: ಸಣ್ಣ ಕಾರ್ಖಾನೆಯಲ್ಲಿ ಲೀನ್ ಮತ್ತು ಸ್ಮಾರ್ಟ್ ತಂತ್ರಜ್ಞಾನ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಿಎನ್‌ಸಿ ಟರ್ನಿಂಗ್ ಶಾಪಿನಲ್ಲಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಕಾರ್ಖಾನೆ) ಪ್ರೊಡಕ್ಷನ್ ನೋಡಿಕೊಳ್ಳುವುದು ನನ್ನ ಕೆಲಸ. ವಾಹನಗಳಿಗೆ ಬೇಕಾದ ಬುಷ್, ಪಿನ್, ಸ್ಲೀವ್ ಥರದ ಜಾಬ್ (ಬಿಡಿಭಾಗ) ಮಾಡುತ್ತೇವೆ. ಅಕ್ಕಪಕ್ಕದ ಶೆಡ್ಡಿನವರು, ಅಂತರಸನಹಳ್ಳಿ, ಹಿರೇಹಳ್ಳಿ ಕಡೆಯ ಪರಿಚಯದವರು ಈಗ ಕೇಳುವುದು ಒಂದೇ ಮಾತು: "ಸ್ಮಾರ್ಟ್ ಫ್ಯಾಕ್ಟರಿ ಮಾಡಿ ಅಂತ ಕಸ್ಟಮರ್ ಹೇಳ್ತಿದಾರೆ, ಯಾವ ಸಿಸ್ಟಂ ಹಾಕಿಸೋಣ?" ಸಿಸ್ಟಂ ಮಾತು ಆಮೇಲೆ. ನಿಮ್ಮಲ್ಲಿ ಅತಿ ಹೆಚ್ಚು ಪೋಲಾಗುತ್ತಿರುವುದು ಏನು ಎಂದು ನಾನು ತಿರುಗಿ ಕೇಳುತ್ತೇನೆ. ಅದಕ್ಕೆ ಉತ್ತರವಿಲ್ಲದೆ ಕೊಂಡ ಸೆನ್ಸರ್ ಆ ಪೋಲನ್ನೇ ಅಂದವಾದ ಗ್ರಾಫ್ ಮಾಡಿ ತೋರಿಸುತ್ತದೆ, ಅಷ್ಟೆ. ಜಾಬ್ ಒಂದೂ ಹೆಚ್ಚಿಗೆ ಬರುವುದಿಲ್ಲ.

ಲೀನ್, ಅಂದರೆ ಟೊಯೊಟಾದಿಂದ ಬಂದ ಪೋಲು ಕಳೆಯುವ ಪದ್ಧತಿ, ಹಳೆಯದಾಯಿತು, ಇನ್ನೇನಿದ್ದರೂ ಸೆನ್ಸರ್, ಡೇಟಾದ ಸ್ಮಾರ್ಟ್ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಟೊಯೊಟಾ ಪದ್ಧತಿಯ ಒಂದು ಬೇರು ಇರುವುದೇ ಯಂತ್ರದ ಬುದ್ಧಿಯಲ್ಲಿ. ಟೊಯೊಟಾ ಸಮೂಹದ ಸ್ಥಾಪಕ ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಜಿ ಮಾದರಿಯ ಮಗ್ಗದಲ್ಲಿ ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹಾಳು ಬಟ್ಟೆ ಮುಂದೆ ನೇಯ್ದುಕೊಂಡು ಹೋಗುತ್ತಿರಲಿಲ್ಲ, ಒಬ್ಬ ಕೆಲಸಗಾರ ಹಲವು ಮಗ್ಗ ನೋಡಿಕೊಳ್ಳಬಹುದಿತ್ತು. ತಪ್ಪು ಕಂಡ ಕೂಡಲೇ ನಿಲ್ಲು, ನಿಂತಿದ್ದು ಎಲ್ಲರಿಗೂ ಕಾಣಲಿ, ಕಾರಣ ಹುಡುಕಿ ಸರಿ ಮಾಡು. ಈ ಯೋಚನೆಯನ್ನು ಟೊಯೊಟಾದ ಎಂಜಿನಿಯರ್ ತೈಚಿ ಓನೊ ಮುಂದೆ ಕಾರು ಕಾರ್ಖಾನೆಯ ತುಂಬ ಹಬ್ಬಿಸಿದರು. ಯಂತ್ರಗಳನ್ನು ಡೇಟಾದಿಂದ ಜೋಡಿಸುವ ಸ್ಮಾರ್ಟ್ ಫ್ಯಾಕ್ಟರಿಗೆ ಇಂಡಸ್ಟ್ರಿ 4.0 ಎಂಬ ಹೆಸರು ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಕೇಳಿಬಂದದ್ದು 2011ರಲ್ಲಿ. ನಿಲ್ಲಬೇಕಾದಾಗ ನಿಲ್ಲುವ, ನಿಂತಿದ್ದನ್ನು ತಿಳಿಸುವ ಕೆಲಸ ಅದಕ್ಕಿಂತ ಎಷ್ಟೋ ಹಳೆಯದು. ಈಗ ಅದು ಅಗ್ಗವಾಗಿ ಸಣ್ಣ ಶೆಡ್ಡಿಗೂ ಎಟುಕುತ್ತಿದೆ.

ಶುರು ಮಾಡುವುದು ಪೆನ್ಸಿಲ್ಲಿನಿಂದ

ಹೆಚ್ಚು ಓಡುವ ಒಂದೇ ಒಂದು ಜಾಬ್ ಆರಿಸಿಕೊಳ್ಳಿ. ಕಚ್ಚಾ ಬಾರ್ ಇಳಿಯುವ ಜಾಗದಿಂದ ಡಿಸ್ಪ್ಯಾಚ್ ಬಾಗಿಲವರೆಗೆ ಆ ಜಾಬಿನ ಹಿಂದೆ ನಡೆಯಿರಿ. ಪ್ರತಿ ಹಂತದಲ್ಲೂ ಎರಡು ಸಂಖ್ಯೆ ಬರೆದುಕೊಳ್ಳಿ: ಒಂದು ಪೀಸಿಗೆ ಎಷ್ಟು ಸೆಕೆಂಡ್, ಮುಂದೆ ಕಾಯುತ್ತಾ ಬಿದ್ದಿರುವ ಪೀಸ್ ಎಷ್ಟು. ದಿನಕ್ಕೆ 600 ಪೀಸ್ ಹೊರಗೆ ಹೋಗುತ್ತಿದ್ದು ಒಳಗೆ ಟ್ರೇಗಳಲ್ಲಿ 6,000 ಬಿದ್ದಿದ್ದರೆ, ಇವತ್ತು ಒಳಗೆ ಬಂದ ಬಾರ್ ಹೊರಗೆ ಹೋಗಲು ಸುಮಾರು 10 ದಿನ ಬೇಕು. ಮೆಷಿನ್ ಮೇಲೆ ಅದು ಇರುವುದು ಮಾತ್ರ ಕೆಲವೇ ನಿಮಿಷ. ಇದು ತಿಳಿಯಲು ಯಾವ ಸಾಫ್ಟ್‌ವೇರೂ ಬೇಡ.

ಆಮೇಲೆ ಮೆಷಿನ್ ಪಕ್ಕ ಒಂದು ವೈಟ್‌ಬೋರ್ಡ್. ಗಂಟೆಗೊಂದು ಸಾಲು: ಆಗಬೇಕಾದ ಪೀಸ್, ಆದ ಪೀಸ್, ಕಡಿಮೆಯಾದರೆ ಕಾರಣ. ಆಪರೇಟರ್ ತಮ್ಮ ಕೈಯಲ್ಲೇ ಬರೆಯಲಿ. ಬೆಳಗಿನ 6ರ ಶಿಫ್ಟಿಗೂ ಮಧ್ಯಾಹ್ನ 2ರ ಶಿಫ್ಟಿಗೂ ಕಾರಣಗಳು ಬೇರೆಯೇ ಇರುತ್ತವೆ. ಬೋರ್ಡನ್ನು ಕೆಲವು ವಾರ ಬಿಡದೆ ನಡೆಸಿ. ಮಾನಿಟರಿಂಗ್ ಸಿಸ್ಟಂ ಬಂದ ಮೇಲೂ ನಾವು ಇದನ್ನು ತೆಗೆದಿಲ್ಲ. ಕೈಯಲ್ಲಿ ಬರೆದವರಿಗೆ ಆ ಗಂಟೆ ಏನಾಯಿತು ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ನಮಗೆ ಉಳಿದದ್ದು ಹೀಗಿತ್ತು: ಬೋರ್ಡಿನಲ್ಲಿ ಬರೆದ ನಿಲುಗಡೆಗಳನ್ನೆಲ್ಲ ಕೂಡಿಸಿದರೂ ಕಳೆದುಹೋದ ಪೀಸುಗಳ ಲೆಕ್ಕ ಕೂಡುತ್ತಿರಲಿಲ್ಲ. ಮಿಕ್ಕ ಸಮಯ ಎಲ್ಲಿ ಹೋಯಿತು? ಕಣ್ಣಿಗೂ ಪೆನ್ಸಿಲ್ಲಿಗೂ ಸಿಗದ್ದು ಇದು. ಸೆನ್ಸರ್ ಬೇಕಾದದ್ದು ಇಲ್ಲಿಗೆ.

ಮೆಷಿನ್ ಓಡುತ್ತಿದೆಯೋ ನಿಂತಿದೆಯೋ

ಮೊದಲು ತಿಳಿಯಬೇಕಾದದ್ದು ಇಷ್ಟೇ. ಇದಕ್ಕೆ ಸುಲಭದ ದಾರಿ ಎರಡು.

ನಿಮ್ಮ ಮೆಷಿನ್ ಮೇಲೆ ಹಸಿರು, ಹಳದಿ, ಕೆಂಪು ಟವರ್ ಲ್ಯಾಂಪ್ ಇದ್ದರೆ ಅದರಿಂದಲೇ ಸಿಗ್ನಲ್ ತೆಗೆಯಬಹುದು. ಬಹುಪಾಲು ಲ್ಯಾಂಪುಗಳಿಗೆ 24 ವೋಲ್ಟ್ ಡಿಸಿ ಬರುತ್ತದೆ. ಇಎಸ್‌ಪಿ32ರಂಥ ಸಿಗ್ನಲ್ ಓದುವ ಚಿಕ್ಕ ಕಂಪ್ಯೂಟರ್ ಬೋರ್ಡುಗಳು ತಡೆಯುವುದು 3.3 ವೋಲ್ಟ್, ಆದ್ದರಿಂದ ನಡುವೆ ಆಪ್ಟೋಕಪ್ಲರ್ (ವೋಲ್ಟೇಜ್ ತಾಗಿಸದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಬಿಡಿಭಾಗ) ಇರಲೇಬೇಕು. ನೇರ ಕೊಟ್ಟರೆ ಬೋರ್ಡ್ ಸುಟ್ಟುಹೋಗುತ್ತದೆ. ಪ್ಯಾನೆಲ್ ತೆಗೆಯುವ ಕೆಲಸ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ವಾರಂಟಿ ಇರುವ ಮೆಷಿನ್ ಆದರೆ ಕಂಪನಿಯವರನ್ನು ಕೇಳಿ ಮುಟ್ಟಿ.

ಲ್ಯಾಂಪ್ ಇಲ್ಲದ ಹಳೇ ಮೆಷಿನ್‌ಗೆ ಕರೆಂಟ್ ಎಳೆತ ನೋಡುವ ಕ್ಲ್ಯಾಂಪ್ ಸಿಟಿ (ವೈರ್ ಸುತ್ತ ಕಚ್ಚಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸಾಕು. ಜಾಬನ್ನು ತಿರುಗಿಸುವ ಸ್ಪಿಂಡಲ್ ಮೋಟರಿಗೆ ಹೋಗುವ ಮೂರು ಫೇಸ್ ವೈರುಗಳಲ್ಲಿ ಒಂದರ ಸುತ್ತ ಮಾತ್ರ ಅದನ್ನು ಕಚ್ಚಿಸಬೇಕು. ಪೂರ್ತಿ ಕೇಬಲ್ ಸುತ್ತ ಹಾಕಿದರೆ ಮೂರು ಫೇಸಿನ ಕರೆಂಟು ಒಂದಕ್ಕೊಂದು ವಜಾ ಆಗಿ ರೀಡಿಂಗ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಸಿಟಿ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಎಷ್ಟೋ ಜನ ಹಾಕಿದ್ದೇ ಹಾಗೆ. ಇನ್ನೊಂದು ಎಚ್ಚರಿಕೆ: ಮೆಷಿನ್ ಓಡುವಾಗ ಸಿಟಿಯ ಹೊರಗಿನ ಎರಡು ವೈರ್ ಬಿಚ್ಚಿ ಬಿಡಬೇಡಿ. ಒಳಗೆ ರೆಸಿಸ್ಟರ್ ಇಲ್ಲದ ಸಿಟಿಯಲ್ಲಿ ಅಪಾಯದ ವೋಲ್ಟೇಜ್ ಏಳುತ್ತದೆ.

ಸಿಟಿ ಹಾಕಿದ ಮೇಲೆ ಮಟ್ಟಗಳನ್ನು ಗುರುತಿಸಿಕೊಳ್ಳಿ: ಸ್ಪಿಂಡಲ್ ನಿಂತಾಗ ಎಷ್ಟು, ಗಾಳಿಯಲ್ಲಿ ತಿರುಗುವಾಗ ಎಷ್ಟು, ಲೋಹ ಕಚ್ಚಿದಾಗ ಎಷ್ಟು. ಸ್ಪಿಂಡಲ್ ತಿರುಗುತ್ತಿದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದಲ್ಲ. ಹೊರಗೆ ಕೆಲಸದ ಹಾಗೆ ಕಾಣುವ ಪೋಲು ಬಯಲಾಗುವುದು ಈ ಮಟ್ಟಗಳ ನಡುವಿನ ಅಂತರದಲ್ಲಿ. ಇನ್ನು ಚಿಕ್ಕ ಬೋರ್ಡು ಡೇಟಾ ಕಳಿಸುವ ವೈಫೈ ರೂಟರಿಗೂ ಡೇಟಾ ಹಿಡಿಯುವ ಕಂಪ್ಯೂಟರಿಗೂ ಒಂದು ಸಣ್ಣ ಯುಪಿಎಸ್ ಕೊಡಿ. ಕರೆಂಟ್ ಹೋಗಿ ಬಂದಾಗ ಮೆಷಿನ್ ಮತ್ತೆ ಶುರುವಾಗಲು ಹಿಡಿಯುವ ಸಮಯವೂ ದಾಖಲಾಗಬೇಕು.

ಕಾರಣ ಹೇಳುವವರು ಆಪರೇಟರ್

ನಿಂತಿದ್ದನ್ನು ಸೆನ್ಸರ್ ಹೇಳುತ್ತದೆ, ಏಕೆ ನಿಂತಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಮೆಷಿನ್ ಪಕ್ಕ ಬಟನ್ ಇರುವ ಪೆಟ್ಟಿಗೆ ಅಥವಾ ಹಳೇ ಟ್ಯಾಬ್ ಇಡಿ. ಟೂಲ್ ಬದಲು, ಸೆಟ್ಟಿಂಗ್, ಮೆಟೀರಿಯಲ್ ಇಲ್ಲ, ಇನ್ಸ್‌ಪೆಕ್ಷನ್‌ಗೆ ಕಾಯ್ತಿದೀವಿ, ಬ್ರೇಕ್‌ಡೌನ್, ಕರೆಂಟ್ ಇಲ್ಲ, ಇಷ್ಟು ಸಾಕು. ಕನ್ನಡದಲ್ಲಿರಲಿ, ಒಡಿಶಾ, ಬಿಹಾರದ ಹುಡುಗರಿದ್ದರೆ ಹಿಂದಿಯೂ ಇರಲಿ, ಜೊತೆಗೆ ಬಣ್ಣ. "ಇತರೆ" ಎಂಬ ಬಟನ್ ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ.

ಪೆಟ್ಟಿಗೆ ಕೂರಿಸಿದ ದಿನ ಶಿರಾ ಕಡೆಯಿಂದ ಬರುವ ನಮ್ಮ ಹಿರಿಯ ಆಪರೇಟರ್ ಒಬ್ಬರು ಕೇಳಿದರು: "ಮೇಡಂ, ಇದು ಮೆಷಿನ್ನ ನೋಡೋಕಾ, ನಮ್ಮನ್ನ ನೋಡೋಕಾ?" ಕೇಳಲೇಬೇಕಾದ ಪ್ರಶ್ನೆ. "ಮೆಷಿನ್ನ ನೋಡೋಕೆ ಅಣ್ಣ. ಇದರಲ್ಲಿ ನಿಮ್ಮ ಹೆಸರು ಬರಲ್ಲ" ಎಂದೆ, ಸ್ಕ್ರೀನ್ ತೆರೆದು ತೋರಿಸಿದೆ. ನಿಲುಗಡೆಯ ಪಟ್ಟಿಯಲ್ಲಿ ಇವತ್ತಿಗೂ ಮೆಷಿನ್ ನಂಬರ್ ಇದೆ, ಆಪರೇಟರ್ ಹೆಸರಿಲ್ಲ. ಈ ಅಂಕಿ ಹಿಡಿದು ಒಂದು ಸಲ ಇನ್ಸೆಂಟಿವ್ ಕತ್ತರಿಸಿ ನೋಡಿ, ಮಾರನೇ ದಿನದಿಂದ ನಿಮಗೆ ಸಿಗುವುದು ಸುಳ್ಳು ಡೇಟಾ. ಮಾಲೀಕರಿಗೆ ಇದನ್ನು ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.

ಡೇಟಾ ಬರಲು ಶುರುವಾದಾಗ ನಮ್ಮ ಪ್ರಶ್ನೆಗೆ ಉತ್ತರ ಕಂಡಿತು. ಉದ್ದದ ನಿಲುಗಡೆಗಳು ಬೋರ್ಡಿನಲ್ಲಿ ಸರಿಯಾಗಿಯೇ ಇದ್ದವು. ತಪ್ಪಿಸಿಕೊಂಡಿದ್ದು ಅರ್ಧ ನಿಮಿಷಕ್ಕೂ ಕಡಿಮೆಯವು, ನಾಲ್ಕಾರು ಪೀಸಿಗೊಮ್ಮೆ. ಗ್ರಾಫ್ ಬಿಟ್ಟು ಮೆಷಿನ್ ಹತ್ತಿರ ಹೋಗಿ ನಿಂತೆ. ಮೆತ್ತನೆಯ ಸ್ಟೀಲ್, ಚಿಪ್ಸ್ (ಕಡೆದಾಗ ಬರುವ ಲೋಹದ ಸಿಪ್ಪೆ) ತುಂಡಾಗದೆ ಉದ್ದಕ್ಕೆ ಸುರುಳಿಯಾಗಿ ಬಂದು ಟೂಲಿಗೂ ಜಾಬ್ ಹಿಡಿಯುವ ಚಕ್ಕಿಗೂ ಸುತ್ತಿಕೊಳ್ಳುತ್ತಿತ್ತು. ಆಪರೇಟರ್ ಬಾಗಿಲು ತೆಗೆದು ಕೊಕ್ಕೆಯಿಂದ ಎಳೆದು ಹಾಕಿ ಮತ್ತೆ ಸ್ಟಾರ್ಟ್ ಕೊಡುತ್ತಿದ್ದರು. ಅದು ಅವರಿಗೆ ಕೆಲಸದ ಭಾಗವೇ ಆಗಿಹೋಗಿತ್ತು, ನಿಲುಗಡೆ ಎಂದು ಯಾಕೆ ಬರೆದಾರು? ಚಿಪ್ ಬ್ರೇಕರ್ (ಸಿಪ್ಪೆ ಮುರಿಯುವ ಅಂಚು) ಸರಿಹೊಂದುವ ಇನ್ಸರ್ಟ್, ಅಂದರೆ ಟೂಲಿನ ಕತ್ತರಿಸುವ ತುದಿ, ಹಾಕಿ ಫೀಡ್ (ಟೂಲ್ ಮುನ್ನಡೆಯುವ ವೇಗ) ಸ್ವಲ್ಪ ಏರಿಸಿದ್ದಕ್ಕೆ ಚಿಪ್ಸ್ ತುಂಡುತುಂಡಾಗಿ ಬೀಳತೊಡಗಿತು. ಕಂಡುಹಿಡಿದದ್ದು ಸೆನ್ಸರ್, ಗುಣಪಡಿಸಿದ್ದು ಹಳೇ ಮೆಷಿನಿಂಗ್ ವಿದ್ಯೆ. ಲೀನ್‌ಗೂ ಸ್ಮಾರ್ಟ್‌ಗೂ ಇರುವ ನಂಟನ್ನು ನಾನು ತೋರಿಸುವುದಾದರೆ ಈ ಚಿಪ್ಸ್ ರಾಶಿಯನ್ನೇ ತೋರಿಸುತ್ತೇನೆ.

ಫಸ್ಟ್ ಪೀಸ್ ಅಪ್ರೂವಲ್‌ನದೂ ಅದೇ ಕಥೆ. ಸೆಟ್ಟಿಂಗ್ ಮುಗಿದ ಮೇಲೆ ಮೊದಲ ಪೀಸ್ ಹಿಡಿದು ಕ್ವಾಲಿಟಿ ರೂಮಿಗೆ ನಡೆದು, ಅಲ್ಲಿ ಸರದಿಯಲ್ಲಿ ನಿಂತು ಬರುವಷ್ಟು ಹೊತ್ತು ಮೆಷಿನ್ ಖಾಲಿ. ಬೇಕಾದ ಗೇಜುಗಳನ್ನು ಲೈನ್ ಪಕ್ಕದ ಟೇಬಲ್ಲಿಗೆ ತಂದೆವು. "ಇನ್ಸ್‌ಪೆಕ್ಷನ್‌ಗೆ ಕಾಯ್ತಿದೀವಿ" ಬಟನ್ ಒತ್ತಿದರೆ ಇನ್ಸ್‌ಪೆಕ್ಟರ್ ಫೋನಿಗೆ ಮೆಸೇಜ್ ಹೋಗುವಂತೆ ಮಾಡಿದೆವು. ಟೊಯೊಟಾದವರು ಹಗ್ಗ ಎಳೆದು ದೀಪ ಹೊತ್ತಿಸಿ ಸಹಾಯ ಕರೆಯುವ ಕ್ರಮವೇ ಇದು. ಕರೆದಾಗ ಯಾರಾದರೂ ಬರಬೇಕು, ಅಷ್ಟೇ ಮುಖ್ಯ. ಬಾರದಿದ್ದರೆ ವಾರದೊಳಗೆ ಆ ಬಟನ್ ಯಾರೂ ಮುಟ್ಟುವುದಿಲ್ಲ.

ಓಇಇ ಲೆಕ್ಕ

ಕಸ್ಟಮರ್ ಆಡಿಟ್‌ಗೆ ಬಂದಾಗ ಓಇಇ ಕೇಳುತ್ತಾರೆ, ಅಂದರೆ ಮೆಷಿನ್ ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಎಷ್ಟು ಭಾಗ ಒಳ್ಳೆ ಪೀಸ್ ಮಾಡಿತು ಎಂಬ ಲೆಕ್ಕ. ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಶಿಫ್ಟ್ 480 ನಿಮಿಷ, ಊಟ-ಟೀ 30 ಕಳೆದರೆ 450. ನಿಲುಗಡೆ 75 ನಿಮಿಷ, ಓಡಿದ್ದು 375, ಲಭ್ಯತೆ 83.3%. ಪೀಸಿಗೆ 50 ಸೆಕೆಂಡ್ ಆದರೆ 375 ನಿಮಿಷದಲ್ಲಿ 450 ಪೀಸ್ ಆಗಬೇಕಿತ್ತು, ಆದದ್ದು 390, ವೇಗ 86.7%. ಅದರಲ್ಲಿ ಒಳ್ಳೆಯವು 382, ಗುಣಮಟ್ಟ 97.9%. ಮೂರನ್ನೂ ಗುಣಿಸಿದರೆ ಹತ್ತಿರಹತ್ತಿರ 71%. ಈ 71ನ್ನು ಗೋಡೆಗೆ ಅಂಟಿಸಿ ಪ್ರಯೋಜನವಿಲ್ಲ. ಮೂರರಲ್ಲಿ ಯಾವುದು ಕೆಳಗಿದೆ, ಅದರೊಳಗೆ ದೊಡ್ಡ ಕಾರಣ ಯಾವುದು ಎಂದು ನೋಡಿ ಆ ಒಂದರ ಮೇಲೆ ಕೆಲಸ ಮಾಡಿ. ಓಇಇ ಏರಿಸುವ ಭರದಲ್ಲಿ ಆರ್ಡರಿಲ್ಲದ ಪೀಸ್ ಮಾಡಿಟ್ಟರೆ ಅಂಕಿ ಚೆನ್ನಾಗಿರುತ್ತದೆ, ದುಡ್ಡು ಟ್ರೇಯಲ್ಲಿ ಕೊಳೆಯುತ್ತದೆ. ಬೇಡಿಕೆ ಮೀರಿ ಮಾಡುವುದೇ ಅತಿ ಕೆಟ್ಟ ಪೋಲು ಎಂದು ಓನೊ ಹೇಳುತ್ತಿದ್ದುದು ಇದಕ್ಕೇ.

ಇನ್ನು ಕೆಲವು ಕಡೆ

ಸೆಟ್ಟಿಂಗ್ ಸಮಯ ಇಳಿಸಲು ಫೋನಿನ ಕ್ಯಾಮೆರಾಕ್ಕಿಂತ ಒಳ್ಳೆ ಉಪಕರಣ ಬೇಡ. ಪೂರ್ತಿ ಸೆಟ್ಟಿಂಗ್ ವಿಡಿಯೊ ಮಾಡಿ, ಮಾಡಿದವರ ಜೊತೆ ಕೂತು ನೋಡಿ. ಮೆಷಿನ್ ನಿಂತಿರುವಾಗಲೇ ಆಗಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರೆ ಮಾಡಿ. ಚಕ್ಕಿನ ಜಾ (ಹಿಡಿಯುವ ದವಡೆ), ಟೂಲ್ ಹೋಲ್ಡರ್, ಅಲೆನ್ ಕೀ ಹುಡುಕುವ ಹೊತ್ತೇ ಎಷ್ಟಿರುತ್ತದೆ ನೋಡಿ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿನ ಡೈ ಬದಲಾವಣೆಯನ್ನು 4 ಗಂಟೆಯಿಂದ 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ದು ಇದೇ ವಿಂಗಡಣೆಯಿಂದ.

ಇನ್ಸರ್ಟ್ ಸ್ಟಾಕಿಗೆ ಎರಡು ಡಬ್ಬಿ ಇಡಿ. ಒಂದು ಖಾಲಿಯಾದಾಗ ಅದರ ಕಾರ್ಡಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸ್ಟೋರಿಗೆ ಬೇಡಿಕೆ ಹೋಗಲಿ. ಕಾರ್ಡ್ ಮಾತ್ರ ಕೈಗೆ ಸಿಗುವ ಹಾಗೇ ಇರಲಿ. ಪೂರ್ತಿ ಸಾಫ್ಟ್‌ವೇರ್ ಒಳಗೆ ಹೋದರೆ ಖಾಲಿ ಡಬ್ಬಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಪ್ರೆಸರಿಗೆ ಎನರ್ಜಿ ಮೀಟರ್ ಹಾಕಿಸುವುದು ನನ್ನ ಮಟ್ಟಿಗೆ ಬೇಗ ಫಲ ಕೊಡುವ ಕೆಲಸ. ಭಾನುವಾರ ಎಲ್ಲ ಮೆಷಿನ್ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಿ. ಗಾಳಿ ಬಳಸುವವರು ಯಾರೂ ಇಲ್ಲ, ಆದರೂ 2 ನಿಮಿಷ ಲೋಡ್ (ಗಾಳಿ ತುಂಬುವುದು), 6 ನಿಮಿಷ ಅನ್‌ಲೋಡ್ ಆಗುತ್ತಿದ್ದರೆ 8ರಲ್ಲಿ 2, ಅಂದರೆ ಕಂಪ್ರೆಸರ್ ಸಾಮರ್ಥ್ಯದ ಕಾಲು ಭಾಗ ಸೋರಿಕೆಗೆ ಹೋಗುತ್ತಿದೆ. ಸೋಪಿನ ನೀರು ಹಿಡಿದು ಜಾಯಿಂಟುಗಳ ಹತ್ತಿರ ಹೋಗಿ, ಗುಳ್ಳೆ ಎದ್ದಲ್ಲಿ ಟ್ಯಾಗ್ ಕಟ್ಟಿ.

ರೋಬೊ, ಎಐ ಕ್ಯಾಮೆರಾ ಮಾರುವವರು ಬಂದಾಗ ಆತುರ ಬೇಡ. ಟೆಸ್ಲಾದಲ್ಲಿ ಮಾಡೆಲ್ 3 ಲೈನಿಗೆ ಅತಿಯಾಗಿ ಆಟೊಮೇಷನ್ ತುಂಬಿದ್ದು ತಪ್ಪಾಯಿತೆಂದು 2018ರಲ್ಲಿ ಇಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಜಾಬ್ ಪ್ರತಿ ಸಲ ಒಂದೇ ಕಡೆ, ಒಂದೇ ದಿಕ್ಕಿಗೆ ಬಂದು ಕೂರುವಂತೆ ಮೊದಲು ಮಾಡಿ. ಅದು ಆಗದ ಕಡೆ ರೋಬೊ ತಡಕಾಡುತ್ತದೆ. ಆದ ಕಡೆ ಎಷ್ಟೋ ಸಲ ಒಂದು ಸಾದಾ ಜಾರುಹಲಗೆಯೇ ಸಾಕಾಗುತ್ತದೆ.

ಹೊರಗಿನ ಸಲಹೆ ಬೇಕಿದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಲೀನ್ ಯೋಜನೆ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದಿದೆ. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತ. ಮೇಲಿನ ಎರಡು ಹಂತಗಳಲ್ಲಿ ಸಲಹೆಗಾರರ ಖರ್ಚಿನ 90% ಸರ್ಕಾರ ಭರಿಸುವ ವ್ಯವಸ್ಥೆಯಿದೆ. ಉದ್ಯಮ್ ನೋಂದಣಿ ಇರಬೇಕು.

ಒಂದು ಮೆಷಿನ್ನಿನ ಪ್ರಶ್ನೆ ಬಗೆಹರಿದು, ಸರಿಮಾಡಿದ್ದು ಎರಡೂ ಶಿಫ್ಟಿನಲ್ಲಿ ಹಾಗೇ ನಿಂತಿದೆ ಎಂದು ಖಾತ್ರಿಯಾದ ಮೇಲೆ ಪೆಟ್ಟಿಗೆ, ಸಿಟಿ ಎರಡನ್ನೂ ಬಿಚ್ಚಿ ಮುಂದಿನ ಮೆಷಿನ್ನಿಗೆ ಹಾಕಿ. ಎಲ್ಲ ಮೆಷಿನ್ನಿಗೂ ಒಂದೊಂದು ಕೊಳ್ಳುವ ಅಗತ್ಯ ನಮಗಂತೂ ಇನ್ನೂ ಬಂದಿಲ್ಲ.