ಬಹುಮಾನದ ಹಣ ಹಿಡಿದು ದೆಹಲಿ ಗಾಲ್ಫ್ ಕ್ಲಬ್‌ನ ಚರಿತ್ರೆ ಕಟ್ಟಿದ್ದು: ನನ್ನ ಅನುಭವ

ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಇಂಡಿಯನ್ ಓಪನ್ ಪಂದ್ಯಾವಳಿಗಳ ಫಲಿತಾಂಶವನ್ನು, ಗೆದ್ದವನಿಂದ ಹಿಡಿದು ಕಟ್ (ನಡುವೆ ಹಿಂದುಳಿದವರನ್ನು ಕೈಬಿಡುವ ಗೆರೆ) ದಾಟಿದ ಕಟ್ಟಕಡೆಯ ಆಟಗಾರನವರೆಗೆ, ಬಹುಮಾನದ ಹಣದ ಪಟ್ಟಿಯಿಂದಲೇ ಕಟ್ಟಬಹುದು ಅಂತ ನಾನು ಹೇಳಿದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಹಳೆಯ ಸ್ಕೋರು ಕೂಡಿಸುವುದರಲ್ಲಿ ನನಗಿಂತ ಪಳಗಿದ ಹಿರಿಯರೊಬ್ಬರು, 'ದುಡ್ಡು ನೋಡಿ ಆಟ ಹೇಳೋಕಾಗತ್ತೇನ್ರೀ? ಸ್ಕೋರ್‌ಕಾರ್ಡ್ ಸಿಕ್ಕಿದ್ರೆ ಬರೀರಿ, ಇಲ್ದಿದ್ರೆ ಖಾಲಿ ಬಿಡಿ' ಅಂದಿದ್ದರು. ಈಗ ಅದೇ ಪಟ್ಟಿಯ ನಕಲು ಅವರ ಮೇಜಿನ ಮೇಲಿದೆ. ಹೇಗಾಯಿತು ಅಂತ ಕೇಳುವವರು ಹೆಚ್ಚಾದರು, ಅದಕ್ಕೇ ಒಮ್ಮೆಗೆ ಬರೆದುಬಿಡುತ್ತಿದ್ದೇನೆ. ಮೈಕ್ರೋಫಿಲ್ಮ್ ಓದುವುದು, ಕೋಷ್ಟಕ ಹಾಕುವುದು ಇವೆಲ್ಲ ಓದುವವರಿಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ದೆಹಲಿಯನ್ನೇ ಆರಿಸಿಕೊಳ್ಳಲು ಕಾರಣ ಇದೆ. 1964ರಲ್ಲಿ ಮೊದಲ ಇಂಡಿಯನ್ ಓಪನ್ ನಡೆದದ್ದು ಅಲ್ಲಿ, ಗೆದ್ದದ್ದು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಇಂಥದೊಂದು ಪಂದ್ಯಾವಳಿ ಭಾರತದಲ್ಲಿ ಆಗಬೇಕು ಅಂತ ಹಿಂದೆ ಬಿದ್ದವರೂ ಅವರೇ. ಆಮೇಲೆ ಎಷ್ಟೋ ವರ್ಷ ಅದು ದೆಹಲಿಗೂ ಕಲ್ಕತ್ತಾದ ರಾಯಲ್ ಕ್ಲಬ್ಬಿಗೂ ನಡುವೆ ತಿರುಗಿತು. ಗೆದ್ದವರ ಹೆಸರು ಎಲ್ಲರಿಗೂ ಬಾಯಿಪಾಠ: 1971 ಮತ್ತು 1973ರಲ್ಲಿ ಗ್ರಹಾಂ ಮಾರ್ಷ್ (ವಿಕೆಟ್‌ಕೀಪರ್ ರಾಡ್ ಮಾರ್ಷ್ ಅವರ ಅಣ್ಣ), 1976ರಲ್ಲಿ ಮತ್ತೆ ಥಾಮ್ಸನ್, 1981ರಲ್ಲಿ ಪೇನ್ ಸ್ಟೀವರ್ಟ್, 1991ರಲ್ಲಿ ಅಲಿ ಶೇರ್. ಕ್ಲಬ್ಬಿನ ಗೋಡೆಗಳ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುವುದೂ ಇಷ್ಟೇ, ವರ್ಷಕ್ಕೊಂದು ಹೆಸರು. ಆದರೆ ಅಲಿ ಶೇರ್ ಅದೇ ಕ್ಲಬ್ಬಿನಲ್ಲಿ ಬ್ಯಾಗು ಹೊತ್ತ ಹುಡುಗ. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ. ಅವರಿಗಿಂತ ಹಿಂದೆ ಅವರಂತೆಯೇ ಕ್ಯಾಡಿಗಳಾಗಿದ್ದು (ಆಟಗಾರರ ಬ್ಯಾಗು ಹೊತ್ತು) ಪ್ರೊ, ಅಂದರೆ ವೃತ್ತಿಪರ, ಆದವರು ಆ ಹುಲ್ಲಿನ ಮೇಲೆ ಎಷ್ಟನೇ ಸ್ಥಾನಕ್ಕೆ ಬಂದರು, ಎಷ್ಟು ಸಂಪಾದಿಸಿದರು? ನನಗೆ ಬೇಕಿದ್ದದ್ದು ಆ ಲೆಕ್ಕ. ಅವರ ಹೆಸರು ಬರೆಸುವ ಗೋಡೆ ಎಲ್ಲೂ ಇಲ್ಲ.

ಮೊದಲು ಎಲ್ಲರಂತೆ ಪತ್ರಿಕೆ ಹಿಡಿದೆ. ದೆಹಲಿಯ ತೀನ್ ಮೂರ್ತಿ ಗ್ರಂಥಾಲಯದ ಮೈಕ್ರೋಫಿಲ್ಮ್, ಇಲ್ಲಿ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಬೈಂಡುಗಳು, ಇನ್ನೂ ಒಂದೆರಡು ಖಾಸಗಿ ಸಂಗ್ರಹ. ಈ ದಾರಿಯಲ್ಲಿ ಕೈಗೆ ಸಿಕ್ಕಿದ್ದಕ್ಕಿಂತ ಕಳೆದುಕೊಂಡದ್ದು ಜಾಸ್ತಿ. ನಾಲ್ಕು ದಿನದ ಪಂದ್ಯ ಮುಗಿಯುವುದು ಭಾನುವಾರ ಮಧ್ಯಾಹ್ನದ ಮೇಲೆ. ಸೋಮವಾರದ ಪತ್ರಿಕೆಯಲ್ಲಿ ಬರಬೇಕು. ಆದರೆ ಕೂಡಿಟ್ಟ ಬೈಂಡಿನಲ್ಲಿ ಎಷ್ಟೋ ಕಡೆ ಇರುವುದು ಡಾಕ್ ಆವೃತ್ತಿ, ದೂರದ ಊರುಗಳಿಗೆ ಕಳಿಸುವಂಥದು. ಅದು ಬೇಗ ಅಚ್ಚಿಗೆ ಹೋದದ್ದು, ಅದರಲ್ಲಿ ಮೂರನೇ ದಿನದ ಸ್ಕೋರಿಗೇ ಕಥೆ ಮುಗಿದಿರುತ್ತದೆ. ಚಳಿಗಾಲದಲ್ಲಿ ನಡೆದ ವರ್ಷಗಳಲ್ಲಿ ಮಂಜು ಕವಿದು ಒಂದು ರೌಂಡು ಮರುದಿನ ಬೆಳಿಗ್ಗೆಗೆ ಜಾರಿದರೆ ಆ ದಿನದ ಪಟ್ಟಿಯೇ ಅರ್ಧ. ಫೆಬ್ರುವರಿ ಕೊನೆಗೆ ಬಿದ್ದರೆ ಇನ್ನೂ ಕಷ್ಟ, ಆಗೆಲ್ಲ ತಿಂಗಳ ಕೊನೆಗೇ ಇರುತ್ತಿದ್ದ ಬಜೆಟ್ಟು ಬಂದು ಕ್ರೀಡಾ ಪುಟವನ್ನೇ ನುಂಗಿರುತ್ತದೆ. ನಮ್ಮ ಊರಿನ ಪತ್ರಿಕೆಗಳಿಗೆ ಬಂದದ್ದು ಏಜೆನ್ಸಿಯ ಸುದ್ದಿ, ಅದರಲ್ಲೂ ಮೇಲಿನ ಐದಾರು ಹೆಸರು ಉಳಿಸಿ ಬಾಕಿದ್ದನ್ನು ಕತ್ತರಿಸಿದ್ದು.

ಈ ಹಂತದಲ್ಲಿ ಹೋದ ದುಡ್ಡನ್ನೂ ಹೇಳುತ್ತೇನೆ, ಯಾಕೆಂದರೆ ಹೊಸಬರು ಇದನ್ನು ಕೇಳುವುದೇ ಇಲ್ಲ. ಕರ್ನಾಟಕ ಎಕ್ಸ್‌ಪ್ರೆಸ್‌ನ ಸ್ಲೀಪರ್, ಪಹಾಡ್‌ಗಂಜ್‌ನ ರೂಮು, ಪುಟದ ಲೆಕ್ಕದಲ್ಲಿ ಪ್ರಿಂಟು, ಊಟ, ಆಟೋ ಎಲ್ಲ ಸೇರಿ ಐವತ್ತು ಸಾವಿರ ದಾಟಿತ್ತು. ಕೈಯಲ್ಲಿ ಇದ್ದದ್ದು ಚೂರುಪಾರು. ಒಂದು ಕಡೆ ಮೊದಲೇ ಹಣ ಕಟ್ಟಿಸಿಕೊಂಡು ಸ್ಕ್ಯಾನ್ ಕಳಿಸುತ್ತೇವೆ ಅಂದವರು ಬೇರೆ ವರ್ಷದ ರೀಲು ಕಳಿಸಿ ಕೈತೊಳೆದುಕೊಂಡರು. ಆರೇಳು ಸಾವಿರ ಹೋಯಿತು, ಬರಲಿಲ್ಲ.

ದಾರಿ ಕಂಡದ್ದು ಎರಡು ಸಾಲಿನ ಒಂದು ಸಣ್ಣ ಸುದ್ದಿಯಲ್ಲಿ. ಭಾರತದ ಒಬ್ಬ ಪ್ರೊ ಇಷ್ಟು ಹಣ ಗೆದ್ದ ಅಂತ ಇತ್ತು, ಸ್ಕೋರು ಇರಲಿಲ್ಲ, ಸ್ಥಾನ ಇರಲಿಲ್ಲ. ಆ ಮೊತ್ತ ದುಂಡು ಸಂಖ್ಯೆ ಅಲ್ಲ, ಮೂರರಿಂದ ಭಾಗಿಸಿ ಉಳಿದ ಚಿಲ್ಲರೆಯಂತೆ ಇತ್ತು. ಅಲ್ಲಿಗೆ ತಲೆ ಓಡಿತು.

ಗಾಲ್ಫಿನಲ್ಲಿ ಸಮ ಸ್ಕೋರು ಮಾಡಿದವರು ಆ ಸ್ಥಾನಗಳ ಹಣವನ್ನು ಕೂಡಿಸಿ ಸಮವಾಗಿ ಹಂಚಿಕೊಳ್ಳುತ್ತಾರೆ. ಉದಾಹರಣೆಗೆ ಐದನೇ ಸ್ಥಾನಕ್ಕೆ 4,000, ಆರಕ್ಕೆ 3,400, ಏಳಕ್ಕೆ 3,000 ಅಂತ ಇಟ್ಟುಕೊಳ್ಳಿ. ಐದನೇ ಸ್ಥಾನದಲ್ಲಿ ಇಬ್ಬರು ಸಮನಾದರೆ ತಲಾ 3,700. ಮೂವರಾದರೆ 10,400ನ್ನು ಮೂರು ಪಾಲು ಮಾಡಿ ತಲಾ 3,466. ಆರು-ಏಳಕ್ಕೆ ಇಬ್ಬರಾದರೆ 3,200. ಅಂದರೆ ಪತ್ರಿಕೆಯ ಮೂಲೆಯಲ್ಲಿ ಒಬ್ಬನ ಹೆಸರಿನ ಮುಂದೆ 3,466 ಅಂತ ಕಂಡರೆ ಆತ ಐದನೇ ಸ್ಥಾನ, ಜೊತೆಗೆ ಇನ್ನಿಬ್ಬರು ಇದ್ದರು ಅಂತ ಗೊತ್ತಾಗಿಹೋಯಿತು. ಆ ಇಬ್ಬರ ಹೆಸರು ಪತ್ರಿಕೆ ಕೊಡದಿದ್ದರೂ ಅವರ ಕುರ್ಚಿ ಎಲ್ಲಿದೆ ಅಂತ ಸಿಕ್ಕಿತು. ಮೂರನೇ ದಿನದ ಸ್ಕೋರು ಪಟ್ಟಿಯಿಂದ ಆ ಕುರ್ಚಿಗೆ ಯಾರು ಬರಬಹುದು ಅಂತ ಹುಡುಕಿದರೆ ಸಾಮಾನ್ಯವಾಗಿ ಮೂರು ನಾಲ್ಕು ಹೆಸರು ಉಳಿಯುತ್ತವೆ. ಅಲ್ಲಿಂದ ಮುಂದೆ ಆ ಆಟಗಾರನ ತವರು ದೇಶದ ಪತ್ರಿಕೆ. ಆಸ್ಟ್ರೇಲಿಯಾದವನು ದೆಹಲಿಯಲ್ಲಿ ಹದಿನೈದನೆಯವನಾಗಿ ಬಂದರೂ ಅವನ ಊರಿನ ಪತ್ರಿಕೆಗೆ ಅದು ಸುದ್ದಿ. ಆಸ್ಟ್ರೇಲಿಯಾ, ಸಿಂಗಪುರದ ಹಳೆಯ ಪತ್ರಿಕೆಗಳು ಮನೆಯಲ್ಲೇ ಕೂತು ಓದಲು ಸಿಗುತ್ತವೆ, ಅದೂ ಬಿಟ್ಟಿ.

ಇದರಲ್ಲಿ ಮೂರು ಕಡೆ ಎಡವುವವರು ಜಾಸ್ತಿ. ಮೊದಲನೆಯದು ಅಮೆಚೂರ್, ಅಂದರೆ ಹಣಕ್ಕೆ ಆಡದ ಹವ್ಯಾಸಿ. ಅವನು ಸ್ಕೋರು ಪಟ್ಟಿಯಲ್ಲಿ ಇರುತ್ತಾನೆ, ಹಣದ ಪಟ್ಟಿಯಲ್ಲಿ ಇರುವುದಿಲ್ಲ, ಅವನ ಪಾಲು ಕೆಳಗಿನ ಪ್ರೊಗೆ ಇಳಿಯುತ್ತದೆ. 1965ರಲ್ಲಿ ಕಲ್ಕತ್ತಾದಲ್ಲಿ ಬಿಲ್ಲೂ ಸೇಠಿ ಅಮೆಚೂರ್ ಆಗಿಯೇ ಇಂಡಿಯನ್ ಓಪನ್ ಗೆದ್ದವರು. ಅಂಥ ವರ್ಷದಲ್ಲಿ ಹಣದ ಪಟ್ಟಿಯ ಮೇಲ್ತುದಿಯಲ್ಲಿ ಇರುವವನು ಗೆದ್ದವನೇ ಅಲ್ಲ. ಎರಡನೆಯದು ಪ್ಲೇಆಫ್, ಸಮನಾದವರಲ್ಲಿ ಗೆದ್ದವನನ್ನು ತೀರ್ಮಾನಿಸಲು ಆಡುವ ಹೆಚ್ಚುವರಿ ಆಟ. ಒಟ್ಟು ಸ್ಕೋರು ಸಮ, ಆದರೆ ಹಣ ಸಮ ಅಲ್ಲ. ಸೋತವನಿಗೆ ಎರಡನೇ ಸ್ಥಾನದ ಹಣವೇ. ಮೂರನೆಯದು ನಾಣ್ಯ. ಏಷ್ಯಾದ ಸರ್ಕ್ಯೂಟಿಗೆ ಸೇರಿದ ಮೇಲೆ ಲೆಕ್ಕ ಡಾಲರಿನಲ್ಲಿ, ಪತ್ರಿಕೆ ಮಾತ್ರ ಒಮ್ಮೆ ರೂಪಾಯಿ ಬರೆಯುತ್ತದೆ, ಒಮ್ಮೆ ಡಾಲರು. ವಿನಿಮಯ ದರದಲ್ಲಿ ಚೂರು ಅತ್ತಿತ್ತ ಆದರೂ ಮೂವರ ಟೈ (ಸಮ ಸ್ಥಾನ) ನಾಲ್ವರ ಟೈ ಆಗಿ ಕಾಣುತ್ತದೆ. ನಾನು ಗೆದ್ದವನ ಮೊತ್ತವನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನೆಲ್ಲ ಅದರ ಶೇಕಡಾವಾರು ಹಾಕಿದೆ. ಆಗ ನಾಣ್ಯದ ಗೊಡವೆಯೇ ಇಲ್ಲ.

ಶೇಕಡಾವಾರು ಅಂದಾಗ ಇನ್ನೊಂದು ಮಾತು. ಒಂದೇ ಕ್ಲಬ್ಬು, ಅದೇ ಹದಿನೆಂಟು ಹೋಲು, ಆದರೂ ಹಂಚುವ ಪ್ರಮಾಣ ಬದಲಾಗುತ್ತ ಬಂದಿದೆ. 2013ರಲ್ಲಿ ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್ ಅಲ್ಲಿ ಗೆದ್ದಾಗ 12.5 ಲಕ್ಷ ಡಾಲರಿನಲ್ಲಿ ಅವರ ಪಾಲು 2.25 ಲಕ್ಷ, ನೂರಕ್ಕೆ ಹದಿನೆಂಟು. 2015ರಲ್ಲಿ ಯುರೋಪಿಯನ್ ಟೂರ್ ಕೂಡ ಜೊತೆಗೂಡಿತು, 15 ಲಕ್ಷದಲ್ಲಿ ಗೆದ್ದವನಿಗೆ 2.5 ಲಕ್ಷ, ಅಂದರೆ ಆರನೇ ಒಂದು ಪಾಲು. ಹಳೆಯ ವರ್ಷಗಳ ಪಾಲಿನ ಕೋಷ್ಟಕ, ಅಂದರೆ ಯಾವ ಸ್ಥಾನಕ್ಕೆ ಎಷ್ಟು ಪಾಲು ಅನ್ನುವುದು, ಎಲ್ಲಿಂದ ತೆಗೆದೆ ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ಅದಕ್ಕೆ ತುಂಬ ಬೆವರು ಸುರಿಸಿದ್ದೇನೆ. ದೆಹಲಿಯಲ್ಲಿ ಹುಡುಕಬೇಡಿ ಅಂತಷ್ಟೇ ಹೇಳಬಲ್ಲೆ.

ಉತ್ತರ ಗೊತ್ತಿರುವ ವರ್ಷದ ಮೇಲೆ ಮೊದಲು ಪರೀಕ್ಷೆ ಮಾಡಿ ನೋಡಿದೆ. 2012ರಲ್ಲಿ ಇಂಡಿಯನ್ ಓಪನ್ ನಮ್ಮ ಬೆಂಗಳೂರಿಗೇ ಬಂದಿತ್ತು, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನಕ್ಕೆ. ಥಾಯ್ಲೆಂಡಿನ ತಾವೊರ್ನ್ ವಿರಾಚಾಂತ್ ಪ್ಲೇಆಫ್‌ನಲ್ಲಿ ಸ್ಕಾಟ್ಲೆಂಡಿನ ರಿಚಿ ರಾಮ್ಸೆ ಅವರನ್ನು ಸೋಲಿಸಿದ್ದು. ನನ್ನ ತಂಗಿಯ ಮಗ ಸ್ಥಾನ, ಸ್ಕೋರು ಎಲ್ಲ ಮುಚ್ಚಿ ಹೆಸರು ಮತ್ತು ಹಣ ಮಾತ್ರ ಕಲಸಿ ಕೊಟ್ಟ. ಒಂದು ಸಂಜೆಯೊಳಗೆ ಎಲ್ಲರನ್ನೂ ಅವರವರ ಸ್ಥಾನಕ್ಕೆ ಕೂರಿಸಿದೆ, ಎಲ್ಲ ಟೈಗಳ ಸಮೇತ. 'ಮಾಮ, ಇದು ಜಾತಕ ಬರೆದ ಹಾಗಿದೆ' ಅಂದ. ಜಾತಕ ಅಲ್ಲ, ಬರೀ ಭಾಗಾಕಾರ.

ಆಮೇಲೆ ದೆಹಲಿಯ ಹಳೆಯ ವರ್ಷಗಳಿಗೆ ಕೈ ಹಾಕಿದೆ. ಎಪ್ಪತ್ತರ ದಶಕದ ಒಂದು ವರ್ಷ ಪೂರ್ತಿ ಕಟ್ಟಿ ಮುಗಿಸಿದ ಮೇಲೆ, ಆಗ ಸ್ಕೋರಿಂಗ್ ಡೇರೆಯಲ್ಲಿ ಕೂತಿದ್ದ ನಿವೃತ್ತರೊಬ್ಬರ ಮನೆಯಲ್ಲಿ ಟೈಪ್ ಮಾಡಿದ ಮೂಲ ಹಾಳೆಯೇ ಸಿಕ್ಕಿತು. ಅಂಚು ಹಳದಿಯಾಗಿ, ಮಡಿಕೆಯಲ್ಲಿ ಒಂದು ಸಾಲು ಅಳಿಸಿಹೋಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದುತ್ತ ಹೋದೆವು. ಮೇಲಿಂದ ಕೆಳಗೆ ಎಲ್ಲ ಕೂಡಿಬಂತು. ಮಡಿಕೆಯಲ್ಲಿ ಅಳಿಸಿಹೋದ ಹೆಸರು ನನ್ನ ಪಟ್ಟಿಯಲ್ಲಿ ಇತ್ತು. ಅವರು ಕನ್ನಡಕ ತೆಗೆದು, 'ಹೌದು, ಆತನೇ' ಅಂದರು. ಬಳಗದವರು ನಂಬಿದ್ದು ಆ ಹಾಳೆಯ ಫೋಟೊ ನೋಡಿದ ಮೇಲೆ.

ನಡುವೆ ಕೆಲವು ಅಡ್ಡದಾರಿಗಳನ್ನೂ ಹಿಡಿದೆ. ಒಂದು, ಫೋಟೊ. ಕ್ಲಬ್ಬಿನ ಮೈದಾನದೊಳಗೇ ಹಳೆಯ ಗುಮ್ಮಟಗಳಿವೆ, ಲಾಲ್ ಬಂಗ್ಲಾ, ಬಾರಾಖಂಬಾ ಇತ್ಯಾದಿ. 1976–77ರಲ್ಲಿ ಪೀಟರ್ ಥಾಮ್ಸನ್ ಮೈದಾನವನ್ನು ಹೊಸದಾಗಿ ರೂಪಿಸಿದರು. ಹಾಗಾಗಿ ತಾರೀಖಿಲ್ಲದ ಫೋಟೊದಲ್ಲಿ ಗ್ರೀನು (ಕುಳಿಯ ಸುತ್ತಲಿನ ನುಣುಪು ಹುಲ್ಲು) ಗುಮ್ಮಟದ ಯಾವ ಪಕ್ಕಕ್ಕೆ ಇದೆ ಅಂತ ನೋಡಿ ಅದಕ್ಕಿಂತ ಮೊದಲಿನದೋ ಆಮೇಲಿನದೋ ಅಂತ ವಿಂಗಡಿಸಲು ಹೊರಟೆ. ಗುಮ್ಮಟ ಸ್ಪಷ್ಟವಾಗಿ ಬಿದ್ದ ಕೆಲವಕ್ಕೆ ಕೆಲಸ ಮಾಡಿತು. ಉಳಿದವುಗಳಲ್ಲಿ ಬರೀ ಕುರುಚಲು ಗಿಡ. ಆ ಮೈದಾನದ ಇಕ್ಕಟ್ಟು ಎಲ್ಲರಿಗೂ ಗೊತ್ತು, ಎರಡೂ ಕಡೆ ಪೊದೆ, ಎಷ್ಟೋ ಪ್ರೊಗಳು ಡ್ರೈವರನ್ನು (ದೂರಕ್ಕೆ ಹೊಡೆಯುವ ಕೋಲು) ಬ್ಯಾಗಿನಿಂದ ತೆಗೆಯುವುದೇ ಅಪರೂಪ. ಫೋಟೊ ತೆಗೆದವನಿಗೂ ಅದೇ ಪೊದೆ ಅಡ್ಡ. ಇನ್ನೊಂದು, ಕೊಡಗು, ಚಿಕ್ಕಮಗಳೂರಿನ ಪ್ಲಾಂಟರ್ ಕ್ಲಬ್ಬುಗಳ ಹಳೆಯ ಕಪ್ ಪಂದ್ಯಗಳಿಗೂ ಈ ವಿಧಾನ ಹಾಕಿ ನೋಡೋಣ ಅನ್ನಿಸಿತ್ತು. ಅಲ್ಲಿ ಕೊಟ್ಟದ್ದು ಬೆಳ್ಳಿಯ ಲೋಟ. ಹಣ ಇಲ್ಲದ ಕಡೆ ಈ ವಿಧಾನಕ್ಕೆ ಕೆಲಸವೇ ಇಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂದರೆ, ಎರಡನೇ ಸ್ಥಾನದವರು ಸಿಕ್ಕಿದರು, ಇಪ್ಪತ್ತನೇ ಸ್ಥಾನದವರು ಸಿಕ್ಕಿದರು. ಎಸ್‌ಎಸ್‌ಪಿ ಚೌರಾಸಿಯಾ ಅವರನ್ನೇ ನೋಡಿ. ಕಲ್ಕತ್ತಾ ಕ್ಲಬ್ಬಿನ ಗ್ರೀನ್ ನೋಡಿಕೊಳ್ಳುತ್ತಿದ್ದವರ ಮಗ. 1999ರಲ್ಲಿ ಎರಡನೆಯವರು. 2006ರಲ್ಲಿ ದೆಹಲಿಯಲ್ಲಿ ಪ್ಲೇಆಫ್‌ಗೆ ಹೋಗಿ ಜ್ಯೋತಿ ರಾಂಧವಾಗೆ ಸೋಲು. 2013ರಲ್ಲಿ ಅಲ್ಲೇ ಒಂದು ಸ್ಟ್ರೋಕಿನಿಂದ (ಒಂದೇ ಹೊಡೆತದಿಂದ) ಸೋಲು. 2015ರಲ್ಲಿ ಕೊನೆಯ ದಿನ ಶುರುವಾದಾಗ ಅನಿರ್ಬನ್ ಲಾಹಿರಿಗಿಂತ ಏಳು ಸ್ಟ್ರೋಕು ಮುಂದಿದ್ದರು, ಸಂಜೆ ಪ್ಲೇಆಫ್‌ನಲ್ಲಿ ಮತ್ತೆ ಸೋಲು. ಗೆದ್ದವರ ಪಟ್ಟಿಯಲ್ಲಿ ಅಲ್ಲಿಯವರೆಗೂ ಅವರು ಎಲ್ಲೂ ಇಲ್ಲ, ಹಣದ ಪಟ್ಟಿಯಲ್ಲಿ ಪ್ರತಿ ಸಲವೂ ಮೇಲೆ ಇದ್ದಾರೆ. 2016ರಲ್ಲಿ ಅದೇ ದೆಹಲಿಯಲ್ಲಿ ಎರಡು ಸ್ಟ್ರೋಕಿನಿಂದ ಗೆದ್ದರು. ಆ ವರ್ಷ ಲಾಹಿರಿ ಮತ್ತು ಕೊರಿಯಾದ ವಾಂಗ್ ಜಂಗ್‌ಹುನ್ ಎರಡು-ಮೂರರ ಹಣ ಹಂಚಿಕೊಂಡರು, ನನ್ನ ಕೋಷ್ಟಕದಂತೆ ತಲಾ 1.44 ಲಕ್ಷ ಡಾಲರಿನ ಆಸುಪಾಸು. ಬೆಂಗಳೂರಿನ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಗುರ್‌ಗಾಂವ್‌ನಲ್ಲಿ ಗೆದ್ದಾಗ ಎಲ್ಲಿಂದಲೋ ಉದುರಿ ಬಂದವರ ಹಾಗೆ ಬರೆದವರಿದ್ದರು. ಅಲಿ ಶೇರ್ ಅವರಿಗಿಂತ ಹಿಂದಿನಿಂದಲೂ ಇಂಥ ಆಟಗಾರರು ಕಟ್ ದಾಟುತ್ತ, ಸಣ್ಣ ಸಣ್ಣ ಮೊತ್ತ ಗೆಲ್ಲುತ್ತ ಬಂದಿದ್ದಾರೆ. ಅವರ ಹೆಸರನ್ನು ಏಜೆನ್ಸಿಗಳು ಒಂದೊಂದು ಸಲ ಒಂದೊಂದು ಥರ ಬರೆದಿವೆ. ಹಣದ ಮೊತ್ತ ಒಂದೇ ಇದ್ದದ್ದರಿಂದಲೇ ಎಷ್ಟೋ ಕಡೆ ಇಬ್ಬರಂತೆ ಕಂಡವರು ಒಬ್ಬರೇ ಅಂತ ಖಚಿತವಾಯಿತು.

ಒಟ್ಟು ಖರ್ಚು ಒಂದೂಕಾಲು ಲಕ್ಷದ ಹತ್ತಿರ. ಹಣದ ವಿಧಾನ ಮೊದಲೇ ಹೊಳೆದಿದ್ದರೆ ನಲವತ್ತು ಸಾವಿರದಲ್ಲಿ ಮುಗಿಯುತ್ತಿತ್ತು, ಯಾಕೆಂದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುವಂಥದು. ಮುಂದಿನದು ಕಲ್ಕತ್ತಾದ ರಾಯಲ್ ಕ್ಲಬ್ಬು. ಅಲ್ಲಿಯ ವರ್ಷಗಳಿಗೆ ಪಾಲಿನ ಕೋಷ್ಟಕ ಈಗಲೇ ಸಿದ್ಧ ಇದೆ. ಬೇಕಿರುವುದು ಸೋಮವಾರದ ನಗರ ಆವೃತ್ತಿಗಳು. ಎಪ್ಪತ್ತು, ಎಂಬತ್ತರ ದಶಕದ ಕಲ್ಕತ್ತಾ ಪತ್ರಿಕೆಗಳ ಕ್ರೀಡಾ ಪುಟ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ಹಾಳೆ ನನಗೆ ಬೇಡ, ಹಣದ ಅಂಕಿ ಕಾಣುವ ಹಾಗೆ ಒಂದು ಫೋಟೊ ತೆಗೆದು ಕಳಿಸಿ. ಅಂಚಿನಲ್ಲಿ ತಾರೀಖೂ ಬೀಳಲಿ.