ಮಕ್ಕಳಿರೋ ಮನೇಲಿ ಬಟ್ಟೆ ರಾಶಿ ನಿಭಾಯಿಸೋದು ಹೇಗೆ

ಮೊದ್ಲೇ ಒಂದು ಮಾತು ಹೇಳಿಬಿಡ್ತೀನಿ, ಚಿಕ್ಕ ಮಕ್ಕಳಿರೋ ಮನೇಲಿ ಬಟ್ಟೆ ಕೆಲಸ ಮುಗಿಯಲ್ಲ. ನಾನು ಎಷ್ಟೋ ವರ್ಷ ಅದನ್ನ ಮುಗಿಸಲೇಬೇಕು ಅಂತ ಒದ್ದಾಡಿದೀನಿ. ಭಾನುವಾರ ಬೆಳಿಗ್ಗೆ ಎದ್ದು ಮೂರು ಸಲ ಮೆಷಿನ್ ಹಾಕಿ, ಒಣಗಿಸಿ, ಮಡಚಿ, ರಾತ್ರಿ ಖಾಲಿ ಬುಟ್ಟಿ ನೋಡಿ ಅಬ್ಬಾ ಅಂತ ಕೂತ್ಕೊಳ್ಳೋಷ್ಟರಲ್ಲಿ ಚಿಕ್ಕವಳು ಲೋಟದ ಹಾಲು ಪೂರ್ತಿ ಮೈಮೇಲೆ ಚೆಲ್ಕೊಂಡು ಬಂದು ನಿಂತಿರೋಳು. ಒಂದಿನ ನಂಗೆ ನಿಜವಾಗ್ಲೂ ಅಳು ಬಂತು, ಅವಳು ನನ್ನ ಮುಖ ನೋಡಿ "ಅಮ್ಮಾ ಸಾರಿ, ಲೋಟ ತಾನಾಗೇ ಬಿತ್ತು" ಅಂದ್ಲು, ಆಮೇಲೆ ಇಬ್ರೂ ಸೇರ್ಕೊಂಡು ನೆಲ ಒರೆಸಿದ್ವಿ. ಅವತ್ತೇ ನಾನು ಖಾಲಿ ಬುಟ್ಟಿ ಆಸೆ ಬಿಟ್ಟೆ.

ಆಮೇಲಿಂದ ನಾನು ನೋಡೋದು ಒಂದೇ, ಬಟ್ಟೆ ಎಲ್ಲೂ ನಿಂತುಬಿಡಬಾರದು. ಬುಟ್ಟೀಲಿ ಇರ್ಲಿ, ಹಗ್ಗದ ಮೇಲೆ ಇರ್ಲಿ, ಪರವಾಗಿಲ್ಲ, ಆದ್ರೆ ಅದು ಮುಂದಕ್ಕೆ ಹೋಗ್ತಾ ಇರ್ಬೇಕು. ಸರಿಯಾಗಿ ಗಮನಿಸಿದ್ರೆ ಎಲ್ಲರ ಮನೇಲೂ ಬಟ್ಟೆ ನಿಲ್ಲೋದು ಮೂರೇ ಕಡೆ: ಕಲೆ ಆಗಿದೆ ಆಮೇಲೆ ನೋಡೋಣ ಅಂತ ಮೂಲೇಲಿ, ಒಗೆದಾದ್ಮೇಲೆ ಒದ್ದೆಯಾಗಿ ಮೆಷಿನ್ ಒಳಗೆ, ಒಣಗಿದ್ಮೇಲೆ ಮಡಚದೇ ಕುರ್ಚಿ ಮೇಲೆ. ಈ ಮೂರು ಕಡೆ ದಾರಿ ಬಿಡಿಸಿದ್ರೆ ಉಳಿದಿದ್ದು ತಾನಾಗೇ ನಡ್ಕೊಂಡು ಹೋಗುತ್ತೆ.

ಕಲೆ ವಿಷ್ಯ

ಇದ್ರಲ್ಲಿ ನಾನು ತುಂಬಾ ತಪ್ಪು ಮಾಡಿ ಕಲ್ತಿದ್ದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಹಾಲು, ರಕ್ತ, ಮೊಟ್ಟೆ, ವಾಂತಿ, ಮಗುವಿನ ಕಕ್ಕ ಇವೆಲ್ಲ ಪ್ರೋಟೀನ್ ಇರೋ ಕಲೆಗಳು. ಇವಕ್ಕೆ ಮೊದ್ಲು ಯಾವತ್ತೂ ಬಿಸಿನೀರು ಹಾಕ್ಬೇಡಿ. ಮೊಟ್ಟೆ ಬಿಸಿಗೆ ಹೇಗೆ ಗಟ್ಟಿಯಾಗುತ್ತೋ ಅದೇ ಥರ ಬಿಸಿನೀರಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ ದಾರದ ಎಳೆ ಎಳೆಗೂ ಕಚ್ಕೊಂಡು ಬಿಡುತ್ತೆ. ದೊಡ್ಡವನು ಮಗುವಾಗಿದ್ದಾಗ ನಾನು ಅವನ ಬಟ್ಟೆನೆಲ್ಲ ಚೆನ್ನಾಗಿ ಕ್ಲೀನ್ ಆಗ್ಲಿ ಅಂತ ಕುದಿಯೋ ನೀರಿಗೇ ಹಾಕ್ತಿದ್ದೆ, ಎಲ್ಲ ಬಿಳಿ ಜಬಲದ ಕುತ್ತಿಗೆ ಹತ್ರನೂ ಹಳದಿ ಪಟ್ಟಿ ಉಳ್ಕೊಂಡಿತ್ತು, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಮಾಡ್ಬೇಕಾಗಿದ್ದು ಇಷ್ಟೇ, ಬಟ್ಟೆ ತಿರುಗಿಸಿ ಹಿಂಭಾಗದಿಂದ ತಣ್ಣೀರು ಬಿಡಿ, ನಲ್ಲಿ ಕೆಳಗೆ ಒಂದು ನಿಮಿಷ ಹಿಡಿದ್ರೆ ಸಾಕು, ಮುಂದಿನಿಂದ ಬಿಟ್ರೆ ಕಲೆ ಇನ್ನೂ ಒಳಗೆ ಹೋಗುತ್ತೆ. ಆಮೇಲೆ ಎಂಜೈಮ್ ಇರೋ ಡಿಟರ್ಜೆಂಟ್ ಹಾಕಿ ಅರ್ಧ ಗಂಟೆ ನೆನೆಸಿ. ಪ್ಯಾಕೆಟ್ ಹಿಂದೆ ಎಂಜೈಮ್ ಅಂತ ಬರೆದಿರುತ್ತೆ ನೋಡಿ. ಪ್ರೋಟಿಯೇಸ್ ಅನ್ನೋದು ಪ್ರೋಟೀನನ್ನ ತುಂಡು ಮಾಡುತ್ತೆ, ಲೈಪೇಸ್ ಜಿಡ್ಡನ್ನ, ಅಮೈಲೇಸ್ ಗಂಜಿ ಥರದ್ದನ್ನ. ಇವು ಉಗುರು ಬೆಚ್ಚಗಿನ ನೀರಲ್ಲಿ, ಅಂದ್ರೆ 30ರಿಂದ 40 ಡಿಗ್ರೀಲಿ ಚೆನ್ನಾಗಿ ಕೆಲ್ಸ ಮಾಡ್ತವೆ, 60 ಡಿಗ್ರಿ ಮೇಲೆ ಹೋದಷ್ಟೂ ಶಕ್ತಿ ಕಳ್ಕೊಳ್ತವೆ, ಹಾಗಾಗಿ ನೀರು ಬಿಸಿ ಮಾಡಿದಷ್ಟೂ ಕಲೆ ಹೋಗುತ್ತೆ ಅನ್ನೋದು ಸುಳ್ಳು. ಒಂದೇ ಎಚ್ಚರಿಕೆ, ಉಣ್ಣೆ ಮತ್ತೆ ರೇಷ್ಮೆ ಕೂಡ ಪ್ರೋಟೀನೇ, ಅದಕ್ಕೆ ಈ ಡಿಟರ್ಜೆಂಟ್ ಹಾಕಿದ್ರೆ ಬಟ್ಟೆಯೇ ಹಾಳಾಗುತ್ತೆ.

ಮೊಣಕಾಲು ತರಚ್ಕೊಂಡು ರಕ್ತ ಆಗಿರೋ ಬಿಳಿ ಬಟ್ಟೆಗೆ ಮೆಡಿಕಲ್ ಶಾಪಲ್ಲಿ ಸಿಗೋ 3% ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಹಾಕಿ ನೋಡಿ. ಬುಸ್ ಅಂತ ನೊರೆ ಬರುತ್ತೆ, ರಕ್ತದಲ್ಲಿ ಕ್ಯಾಟಲೇಸ್ ಅನ್ನೋ ಎಂಜೈಮ್ ಇರೋದ್ರಿಂದ ಹಾಗಾಗೋದು, ನನ್ನ ಮಗನಿಗೆ ಅದನ್ನ ನೋಡೋದೇ ಖುಷಿ, ಬಿದ್ದಿದ್ದೇ ಮರೆತುಹೋಗುತ್ತೆ ಅವನಿಗೆ. ಬಣ್ಣದ ಬಟ್ಟೆಗೆ ಹಾಕೋದಾದ್ರೆ ಒಳಗಡೆ ಮೂಲೇಲಿ ಒಂದು ಹನಿ ಹಾಕಿ ಬಣ್ಣ ಹೋಗುತ್ತಾ ನೋಡ್ಕೊಳ್ಳಿ.

ಎಣ್ಣೆ ಜಿಡ್ಡಿಗೆ ನೀರು ಹಾಕೋ ಮುಂಚೆಯೇ ಒಣಬಟ್ಟೆ ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು ಹಾಕಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ ಹತ್ತು ನಿಮಿಷ ಬಿಡಿ. ಕೆಸರಿಗೆ ಇದಕ್ಕೆ ತದ್ವಿರುದ್ಧ, ಮುಟ್ಟಲೇಬೇಡಿ. ಪೂರ್ತಿ ಒಣಗ್ಲಿ, ಆಮೇಲೆ ಕೊಡವಿ ಹಳೇ ಬ್ರಶ್ಶಲ್ಲಿ ಉದುರಿಸಿ ಒಗೀರಿ, ಹಸಿ ಕೆಸರು ಉಜ್ಜಿದ್ರೆ ಹರಡುತ್ತೆ ಅಷ್ಟೇ. ಬಾಲ್ ಪೆನ್ ಇಂಕಿಗೆ ಹ್ಯಾಂಡ್ ಸ್ಯಾನಿಟೈಸರ್ ಆಗುತ್ತೆ, ಅದ್ರಲ್ಲಿರೋ ಆಲ್ಕೋಹಾಲ್ ಇಂಕನ್ನ ಕರಗಿಸುತ್ತೆ, ಕೆಳಗೆ ಒಂದು ವೇಸ್ಟ್ ಬಟ್ಟೆ ಇಟ್ಟು ಮೇಲಿಂದ ಒತ್ತಿ ಒತ್ತಿ ತೆಗೀರಿ, ಉಜ್ಜಬೇಡಿ. ಆಮೇಲೆ ಚೆನ್ನಾಗಿ ಜಾಲಿಸಿ.

ಒಂದು ಮುಖ್ಯವಾದ ಮಾತು ಏನಂದ್ರೆ ಕಲೆ ಪೂರ್ತಿ ಹೋಗಿದೆಯಾ ಅಂತ ಬಟ್ಟೆ ಒದ್ದೆ ಇರೋವಾಗ್ಲೇ ನೋಡಿ. ಹೋಗದೇ ಇದ್ರೆ ಡ್ರೈಯರಿಗೆ ಹಾಕ್ಬೇಡಿ, ಇಸ್ತ್ರಿನೂ ಮಾಡ್ಬೇಡಿ, ಶಾಖ ತಗುಲಿದ್ಮೇಲೆ ಆ ಕಲೆ ಬಿಡಿಸೋದು ಭಾರೀ ಕಷ್ಟ. ಬಾತ್‌ರೂಮಲ್ಲಿ ಕಲೆ ಬಟ್ಟೆಗೇ ಅಂತ ಒಂದು ಚಿಕ್ಕ ಬಕೆಟ್ ಇಟ್ಕೊಳ್ಳಿ, ನಮ್ಮನೇಲಿ ಈಗ ಮಕ್ಕಳೇ ಅದಕ್ಕೆ ತಂದು ಹಾಕ್ತಾರೆ. ಆದ್ರೆ ತೆವಳೋ, ಈಗಷ್ಟೇ ನಡೆಯೋ ಮಗು ಇರೋ ಮನೇಲಿ ನೀರು ತುಂಬಿರೋ ಬಕೆಟ್ ನೆಲದ ಮೇಲೆ ಬಿಟ್ಟು ಹೋಗ್ಬೇಡಿ, ಸ್ವಲ್ಪೇ ನೀರಿದ್ರೂ ಅಪಾಯ.

ಜೇಬು

ಪ್ರತಿ ಜೇಬಿಗೂ ಕೈ ಹಾಕಿ ನೋಡಿ, ತಪ್ಪಿಸ್ಬೇಡಿ. ನಂಗೆ ಸಿಕ್ಕಿರೋದು ಕಲ್ಲು, ಪೆನ್ಸಿಲ್ ಹೆರೆದ ಸಿಪ್ಪೆ, ಒಣಗಿದ ಎಲೆ, ಯಾರದ್ದೋ ಗುಂಡಿ, ಟಿಶ್ಯೂ ಪೇಪರ್. ಒಂದ್ಸಲ ಅವಸರದಲ್ಲಿ ನೋಡ್ಲಿಲ್ಲ, ಕೆಂಪು ಕ್ರೇಯಾನ್ ಒಂದು ತುಂಡು ಒಳಗೆ ಹೋಗಿ ಮನೆಯವ್ರ ಎರಡು ಶರ್ಟು, ನಂದೊಂದು ಕುರ್ತಾ, ಮಕ್ಕಳ ಯೂನಿಫಾರ್ಮು ಎಲ್ಲದ್ರ ಮೇಲೂ ಕೆಂಪು ಗೀಟು. ಕ್ರೇಯಾನ್ ಅಂದ್ರೆ ಮೇಣ, ಅದನ್ನ ಮೊದ್ಲು ಚಮಚದ ಅಂಚಲ್ಲಿ ಕೆರೆದು ತೆಗೀಬೇಕು, ಆಮೇಲೆ ಬಟ್ಟೆಯ ಮೇಲೆ ಕೆಳಗೆ ಎರಡೂ ಕಡೆ ಬಿಳಿ ಟಿಶ್ಯೂ ಇಟ್ಟು ಸಣ್ಣ ಶಾಖದಲ್ಲಿ ಇಸ್ತ್ರಿ ಪೆಟ್ಟಿಗೆ ಒತ್ತಬೇಕು, ಕರಗಿದ ಮೇಣ ಟಿಶ್ಯೂಗೆ ಏರುತ್ತೆ, ಟಿಶ್ಯೂ ಬದಲಾಯಿಸ್ತಾ ಹೋಗ್ಬೇಕು. ಉಳಿದ ಬಣ್ಣಕ್ಕೆ ಪಾತ್ರೆ ಲಿಕ್ವಿಡ್. ಯೂನಿಫಾರ್ಮ್ ಉಳೀತು, ಕುರ್ತಾ ಉಳೀಲಿಲ್ಲ.

ರಾತ್ರಿ ಹಾಸಿಗೆ ಒದ್ದೆಯಾದ್ರೆ

ರಾತ್ರಿ ಎರಡು ಗಂಟೇಲಿ "ಅಮ್ಮಾ ಒದ್ದೆ ಆಯ್ತು" ಅಂತ ಸಣ್ಣ ದನಿ ಕೇಳಿಸೋದು ಎಷ್ಟು ಮನೇಲಿ ಇದೆಯೋ. ನಿದ್ದೆಗಣ್ಣಲ್ಲಿ ಹಾಸಿಗೆ ಬಿಚ್ಚಿ ಬೇರೆ ಹಾಕೋದು ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ, ನಂಗೂ ಬಂದಿದೆ. ಇದಕ್ಕೆ ಸಂಜೇನೇ ಹಾಸಿಗೆ ಎರಡು ಪದರ ಹಾಕ್ಬಿಡಿ: ಮೊದ್ಲು ವಾಟರ್‌ಪ್ರೂಫ್ ಶೀಟ್, ಅದ್ರ ಮೇಲೆ ಬೆಡ್‌ಶೀಟ್, ಅದ್ರ ಮೇಲೆ ಇನ್ನೊಂದು ವಾಟರ್‌ಪ್ರೂಫ್ ಶೀಟ್, ಅದ್ರ ಮೇಲೆ ಇನ್ನೊಂದು ಬೆಡ್‌ಶೀಟ್. ರಾತ್ರಿ ಒದ್ದೆಯಾದ್ರೆ ಮೇಲಿನ ಎರಡು ಎಳೆದು ಬಿಸಾಕಿ, ಕೆಳಗೆ ಒಣ ಹಾಸಿಗೆ ರೆಡಿ ಇರುತ್ತೆ. ಪಕ್ಕದಲ್ಲೇ ಒಂದು ಚಡ್ಡಿ, ಒಂದು ಹೊದಿಕೆ ಇಟ್ಟಿರಿ. ಲೈಟ್ ಕೂಡ ಹಾಕೋದು ಬೇಡ, ಎರಡು ನಿಮಿಷದಲ್ಲಿ ಎಲ್ರೂ ವಾಪಸ್ ನಿದ್ದೆಗೆ ಹೋಗ್ಬಹುದು. ಇದನ್ನ ಯಾರಾದ್ರೂ ನಂಗೆ ಮೊದ್ಲೇ ಹೇಳ್ಕೊಟ್ಟಿದ್ರೆ ಎಷ್ಟು ರಾತ್ರಿ ಉಳೀತಿತ್ತು ಅನ್ಸುತ್ತೆ.

ದಯವಿಟ್ಟು ಮಗೂನ ಬೈಬೇಡಿ, ಅಣ್ಣನ ಮುಂದೆ ತಂಗಿ ಮುಂದೆ ಹೇಳಿ ನಾಚಿಕೆ ಪಡಿಸ್ಬೇಡಿ. 5 ವರ್ಷದ ಮಕ್ಕಳಲ್ಲಿ ಸುಮಾರು 15% ಮಕ್ಕಳು ರಾತ್ರಿ ಹಾಸಿಗೇಲಿ ಉಚ್ಚೆ ಮಾಡ್ಕೊಳ್ತಾರೆ, ಬೇಕು ಅಂತ ಮಾಡೋದಲ್ಲ, ನಿದ್ದೇಲಿ ಗೊತ್ತೇ ಆಗಲ್ಲ. ವಯಸ್ಸಾಗ್ತಾ ತಾನಾಗೇ ಕಮ್ಮಿ ಆಗುತ್ತೆ. ಆದ್ರೆ ತಿಂಗಳುಗಟ್ಟಲೆ ಹಾಸಿಗೆ ಒದ್ದೆ ಮಾಡದೇ ಇದ್ದ ಮಗು ಇದ್ದಕ್ಕಿದ್ದ ಹಾಗೆ ಮತ್ತೆ ಶುರು ಮಾಡಿದ್ರೆ, ಉಚ್ಚೆ ಮಾಡೋವಾಗ ಉರಿ ಅಂದ್ರೆ, ಅಥವಾ ವಿಪರೀತ ಬಾಯಾರಿಕೆ ಅಂದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಆ ಶೀಟನ್ನ ಬೆಳಿಗ್ಗೆ ಮೊದ್ಲು ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ. ವಾಸನೆ ಹೋಗ್ಲಿ ಅಂತ ನೇರವಾಗಿ ಬ್ಲೀಚ್ ಸುರೀಬೇಡಿ, ಹಳೇ ಉಚ್ಚೇಲಿ ಅಮೋನಿಯಾ ಇರುತ್ತೆ, ಅದಕ್ಕೆ ಕ್ಲೋರಿನ್ ಬ್ಲೀಚ್ ಸೇರಿದ್ರೆ ವಿಷದ ಹೊಗೆ ಬರುತ್ತೆ. ಬ್ಲೀಚ್ ಜೊತೆ ವಿನೆಗರ್ ಸೇರಿಸೋದು ಇನ್ನೂ ಕೆಟ್ಟದ್ದು, ಕ್ಲೋರಿನ್ ಅನಿಲವೇ ಬರುತ್ತೆ. ಬ್ಲೀಚ್ ಬಳಸಿದ್ರೆ ಬ್ಲೀಚ್ ಮತ್ತೆ ನೀರು ಅಷ್ಟೇ, ಕಿಟಕಿ ತೆಗೆದಿಟ್ಟು.

ಮೆಷಿನ್

ಮೆಷಿನ್ ತುಂಬಾ ತುರುಕ್ಬೇಡಿ, ಮುಂದೆ ಬಾಗಿಲಿರೋ ಮೆಷಿನ್ ಆದ್ರೆ ಬಟ್ಟೆ ಮೇಲೆ ಒಂದು ಗೇಣು ಜಾಗ ಇರ್ಬೇಕು. ಪುಡಿ ಜಾಸ್ತಿ ಹಾಕಿದ್ರೆ ಜಾಸ್ತಿ ಕ್ಲೀನ್ ಆಗಲ್ಲ, ನೊರೆ ಜಾಸ್ತಿ ಆದ್ರೆ ಬಟ್ಟೆಗೆ ಬಟ್ಟೆ ಉಜ್ಜೋದೇ ಕಮ್ಮಿಯಾಗುತ್ತೆ, ಉಳಿದ ಸೋಪು ಬಟ್ಟೇಲಿ ಕೂತು ಮಗುವಿನ ಚರ್ಮ ಕೆರೆತ ಬರಿಸ್ಬಹುದು. ಫ್ಯಾಬ್ರಿಕ್ ಸಾಫ್ಟ್‌ನರ್ ಟವೆಲ್‌ಗೆ, ಬಟ್ಟೆ ಡೈಪರ್‌ಗೆ ಹಾಕ್ಬೇಡಿ, ಅದು ಎಳೆ ಮೇಲೆ ಪದರ ಕಟ್ಟಿ ನೀರು ಹೀರೋ ಶಕ್ತೀನೇ ತೆಗೆದುಬಿಡುತ್ತೆ. ಚಿಕ್ಕ ಸಾಕ್ಸ್‌ಗಳನ್ನ ಜಾಲರಿ ಚೀಲದಲ್ಲಿ ಹಾಕಿ, ಒಂದೂ ಕಳೆದುಹೋಗಲ್ಲ.

ಡಿಟರ್ಜೆಂಟ್ ಪಾಡ್ ಅಂತ ಬಣ್ಣಬಣ್ಣದ ಚಿಕ್ಕ ಚೀಲ ಬರುತ್ತಲ್ಲ, ಚಿಕ್ಕ ಮಕ್ಕಳಿಗೆ ಅದು ಮಿಠಾಯಿ ಥರ ಕಾಣುತ್ತೆ, 6 ವರ್ಷದೊಳಗಿನ ಮಕ್ಕಳಿರೋ ಮನೇಲಿ ಅದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಮಗು ಅಕಸ್ಮಾತ್ ಕಚ್ಚಿದ್ರೆ ವಾಂತಿ ಮಾಡಿಸ್ಬೇಡಿ, ಬಾಯಿ ಒರೆಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಮೆಷಿನ್ ಬಾಗಿಲು ತೆಗೆದಿಟ್ರೆ ಒಳಗೆ ಒಣಗುತ್ತೆ ನಿಜ, ಆದ್ರೆ ಮಕ್ಕಳು ಅದ್ರೊಳಗೆ ಹತ್ತಿ ಕೂತು ಪ್ರಾಣಕ್ಕೇ ಅಪಾಯ ಆಗಿರೋದುಂಟು, ಹಾಗಾಗಿ ಚೈಲ್ಡ್ ಲಾಕ್ ಇದೆಯಾ ನೋಡ್ಕೊಳ್ಳಿ, ಆ ಕೋಣೆ ಬಾಗಿಲು ಹಾಕಿಡಿ.

ಮೆಷಿನ್ ನಿಂತ ಕೂಡ್ಲೇ ಬಟ್ಟೆ ತೆಗೀರಿ, ಫೋನಲ್ಲಿ ಅಲಾರಾಂ ಇಟ್ಕೊಳ್ಳಿ. ಒದ್ದೆ ಬಟ್ಟೆ ಗಂಟೆಗಟ್ಟಲೆ ಮುದ್ದೆಯಾಗಿ ಕೂತ್ರೆ ಮುಗ್ಗಲು ವಾಸನೆ ಬರೋದು ಬ್ಯಾಕ್ಟೀರಿಯಾದಿಂದ, ಮೊರಾಕ್ಸೆಲ್ಲಾ ಅಂತ ಅದ್ರ ಹೆಸರು, ಈ ವಾಸನೆಗೆ ಅದೇ ಕಾರಣ ಅಂತ 2012ರಲ್ಲಿ ಜಪಾನಿನ ಸಂಶೋಧಕರು ಪತ್ತೆ ಮಾಡಿದ್ರು. ಅದು ಒಗೆದು ಒಣಗಿಸಿದ್ರೂ ಪೂರ್ತಿ ಸಾಯಲ್ಲ, ಅದಕ್ಕೇ ಕೆಲವು ಟವೆಲ್ ಒಣಗಿದ್ದಾಗ ಚೆನ್ನಾಗಿದ್ದು ಮುಖ ಒರೆಸಿದ ಕೂಡ್ಲೇ ವಾಸನೆ ಹೊಡೆಯೋದು. ಅಂಥ ಟವೆಲ್ಲನ್ನ ಒಂದ್ಸಲ 60 ಡಿಗ್ರೀಲಿ ಒಗೆದು, ಬೇಗ ಒಣಗೋ ಹಾಗೆ ಬಿಡಿಬಿಡಿಯಾಗಿ ಹರವಿ. ಮನೆಯೊಳಗೆ ಒಣಗಿಸೋದಾದ್ರೆ ಬಟ್ಟೆ ಮಧ್ಯ ಗಾಳಿ ಆಡ್ಬೇಕು, ಫ್ಯಾನ್ ಹಾಕಿ, ದಪ್ಪ ಬಟ್ಟೆ ಒಂದು ತೆಳು ಬಟ್ಟೆ ಒಂದು ಹೀಗೆ ಹಾಕ್ಕೊಂಡು ಹೋಗಿ.

ಮಡಚೋದು

ಇಲ್ಲೇ ನೋಡಿ ಎಲ್ಲರ ಮನೇಲೂ ಬಟ್ಟೆ ನಿಲ್ಲೋದು. ನಾನು ಹೇಳೋದು ಎಲ್ಲಾನೂ ಮಡಚ್ಬೇಡಿ. ಚಡ್ಡಿ, ಬನಿಯನ್, ಸಾಕ್ಸ್, ಮನೇಲಿ ಹಾಕೋ ಬಟ್ಟೆ ಇವನ್ನ ಡಬ್ಬಕ್ಕೆ ಹಾಗೇ ಹಾಕಿ, ಯಾರೂ ಬಂದು ನೋಡಲ್ಲ. ಮಡಚೋ ಬಟ್ಟೆಗೆ ಹಗ್ಗದ ಹತ್ರನೇ ನಿಂತು ಒಬ್ಬೊಬ್ಬರದ್ದು ಬೇರೆ ಬೇರೆ ಮಾಡ್ತಾ ತೆಗೀರಿ, ಒಟ್ಟಿಗೆ ರಾಶಿ ಹಾಕಿ ಆಮೇಲೆ ಆರಿಸ್ತಾ ಕೂತ್ರೆ ಕೆಲ್ಸ ಎರಡಾಗುತ್ತೆ.

ಮಕ್ಕಳನ್ನ ಸೇರಿಸ್ಕೊಳ್ಳಿ. ಎರಡು ಮೂರು ವರ್ಷದ ಮಗು ಬಟ್ಟೆ ಬುಟ್ಟಿಗೆ ಹಾಕುತ್ತೆ, ನಾಕೈದು ವರ್ಷಕ್ಕೆ ಸಾಕ್ಸ್ ಜೋಡಿ ಹುಡುಕುತ್ತೆ, ಏಳೆಂಟಕ್ಕೆ ತನ್ನ ಬಟ್ಟೆ ತಾನೇ ಮಡಚಿ ಇಟ್ಕೊಳ್ಳುತ್ತೆ. ಮಡಿಕೆ ಸೊಟ್ಟ ಆಗಿದ್ರೆ ಅವ್ರ ಎದುರಿಗೆ ಸರಿ ಮಾಡೋಕೆ ಹೋಗ್ಬೇಡಿ, ನಾನು ಹಾಗೆ ಮಾಡಿದ್ದಕ್ಕೆ ದೊಡ್ಡವನು "ನಿಂಗೆ ಇಷ್ಟ ಆಗಲ್ಲ ಅಲ್ವಾ, ನೀನೇ ಮಾಡ್ಕೋ" ಅಂತ ಎದ್ದುಹೋಗಿ ತಿಂಗಳಾದ್ರೂ ಕೈ ಹಾಕ್ಲಿಲ್ಲ. ಗಂಡನಿಗೂ ಅಷ್ಟೇ, ಒಂದು ಭಾಗ ಪೂರ್ತಿ ಬಿಟ್ಟುಕೊಡಿ, ನಮ್ಮನೇಲಿ ಬೆಡ್‌ಶೀಟ್ ಟವೆಲ್ ಎಲ್ಲ ಅವ್ರದ್ದೇ, ಯಾವಾಗ ಒಗೀಬೇಕು ಅಂತ ನೆನಪಿಟ್ಕೊಳ್ಳೋದೂ ಅವ್ರೇ. ಬರೀ ನಾನು ಹೇಳಿದಾಗ ಮಾಡೋದಾದ್ರೆ ಆ ಭಾರ ನನ್ನ ತಲೇಲೇ ಉಳ್ಕೊಂಡ ಹಾಗೆ.

ಚಿಕ್ಕದಾದ ಬಟ್ಟೆ

ಮೊದಲನೇ ವರ್ಷ ಮಗು ಸುಮಾರು 25 ಸೆಂಟಿಮೀಟರ್ ಉದ್ದ ಬೆಳೆಯುತ್ತೆ, ತೂಕ ಹುಟ್ಟಿದಾಗಿನದ್ರ ಮೂರು ಪಟ್ಟು ಆಗುತ್ತೆ, ಹಾಗಾಗಿ ಒಂದೇ ಸೈಜಲ್ಲಿ ಹತ್ತು ಹದಿನೈದು ತಗೋಬೇಡಿ. ಮೂರು ತಿಂಗಳಿಗೊಂದ್ಸಲ ಕಪಾಟು ತೆಗೆದು ಆಗದೇ ಇರೋದನ್ನ ಬೇರೆ ಇಡಿ, ಅದು ಅಲ್ಲೇ ಇದ್ದಷ್ಟು ದಿನ ದಿನಾ ಬೆಳಿಗ್ಗೆ ಅದನ್ನೇ ಎಳೆದು ಹಾಕಿ ತೆಗೆಯೋ ರಾಮಾಯಣ. ಎತ್ತಿಡೋ ಮುಂಚೆ ಚೆನ್ನಾಗಿ ಒಗೆದು ಪೂರ್ತಿ ಒಣಗಿಸಿ, ಕಣ್ಣಿಗೆ ಕಾಣದೇ ಉಳಿದಿರೋ ಹಾಲಿನ ಕಲೆ ಕೂಡ ತಿಂಗಳು ಕಳೆದ ಮೇಲೆ ಹಳದಿ ಆಗುತ್ತೆ. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಕಾಟನ್ ದಿಂಬಿನ ಚೀಲದಲ್ಲಿ ಕಟ್ಟಿ ಮೇಲೆ ಸೈಜ್ ಬರೆದಿಡಿ.

ಈ ಕೆಲಸಕ್ಕೆ ಮಾತ್ರ ಅವಸರ ಮಾಡ್ಬೇಡಿ. ಹೋದ ತಿಂಗಳು ಚಿಕ್ಕವಳು ಪಕ್ಕದಲ್ಲೇ ಕೂತಿದ್ಲು, ಅವಳು ಹುಟ್ಟಿದಾಗಿನ ಕಾಲುಚೀಲ ಒಂದು ಸಿಕ್ತು, ನನ್ನ ಹೆಬ್ಬೆರಳಿಗೆ ಹಾಕಿದ್ರೆ ಸರಿಯಾಗಿ ಕೂರುತ್ತೆ ಅಷ್ಟೇ. "ಇದು ನಂದಾ? ನನ್ನ ಇಡೀ ಕಾಲು ಇದ್ರೊಳಗೆ ಹೋಗ್ತಿತ್ತಾ?" ಅಂತ ಮೂರು ಸಲ ಕೇಳಿದ್ಲು. ಬೇರೆದನ್ನೆಲ್ಲ ಕೊಡೋ ಚೀಲಕ್ಕೆ ಹಾಕಿದ್ವಿ, ಅದನ್ನ ಅವಳೇ ತಗೊಂಡು ಹೋಗಿ ತನ್ನ ಪೆನ್ಸಿಲ್ ಡಬ್ಬೀಲಿ ಇಟ್ಕೊಂಡ್ಲು.