ದೋಣಿಕಟ್ಟೆಯ ನೀರು, ಹೂಳು: ಮಾಲಿನ್ಯ ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ

ಕಲಬುರಗಿಯ ಅಪ್ಪನ ಕೆರೆಯಂತಹ ಊರೊಳಗಿನ ಕೆರೆಗಳಲ್ಲಿ ದೋಣಿ ಕಟ್ಟುವ ಜಾಗವನ್ನು ಪರೀಕ್ಷಿಸಲು ಹೊರಡುವವರು, ಯಾವ ಮಾಲಿನ್ಯವನ್ನು ಹುಡುಕಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕಡಲತೀರದ ಮರೀನಾಗಳಲ್ಲಿ (ದೋಣಿ ನಿಲ್ದಾಣಗಳಲ್ಲಿ) ಜಲಜೀವಿಗಳು ಅಂಟದಂತೆ ದೋಣಿಯ ತಳಕ್ಕೆ ಬಳಿಯುವ ವಿಷಯುಕ್ತ ಬಣ್ಣವೇ ದೊಡ್ಡ ಚಿಂತೆ. ಅಲ್ಲಿ ಬಳಕೆಯಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣವನ್ನು ನಿಷೇಧಿಸಿದ 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದ ಮೇಲೂ ತಾಮ್ರಯುಕ್ತ ಬಣ್ಣಗಳು ಉಳಿದಿವೆ. ಕೆರೆಯ ಕಟ್ಟೆಯಲ್ಲಾದರೆ ಸೋರಿದ ಇಂಧನ, ಎಂಜಿನ್ ಆಯಿಲ್, ದುರಸ್ತಿಯ ವೇಳೆ ಉಜ್ಜಿ ತೆಗೆದ ಬಣ್ಣದ ಪುಡಿ ಮತ್ತು ಚರಂಡಿ ನೀರನ್ನು ಗಮನಿಸಬೇಕು. ಪೆಡಲ್ ದೋಣಿಗಳು ಮಾತ್ರ ಇರುವಲ್ಲಿ ಎಣ್ಣೆಯ ಪರೀಕ್ಷೆಗಿಂತ, ಚರಂಡಿ ನೀರು ಸೇರಿರುವುದನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆಗೆ ಹಣ ಇಡುವುದು ಮೇಲು.

ದೋಣಿಕಟ್ಟೆ, ಚರಂಡಿ ಬಂದು ಕೂಡುವ ಬಾಯಿ, ಕೆರೆಯ ನಡುಭಾಗ, ಕೋಡಿಯ ಹತ್ತಿರ ಹೀಗೆ ಕನಿಷ್ಠ ನಾಲ್ಕು ಕಡೆ ಮಾದರಿ ಬೇಕು. ನೀರು ತೀರ ತಗ್ಗುವ ಮೇ ತಿಂಗಳು, ಮೊದಲ ದೊಡ್ಡ ಮಳೆಯ ಮರುದಿನ ಮತ್ತು ಮಳೆಗಾಲ ಮುಗಿದ ನಂತರದ ದಿನಗಳು ಇದಕ್ಕೆ ಸೂಕ್ತ. ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುನ್ನವೇ ಅಳೆಯಬೇಕು, ಏಕೆಂದರೆ ಪಾಚಿಗಟ್ಟಿದ ಕೆರೆಯಲ್ಲಿ ಅದು ರಾತ್ರಿಯಿಡೀ ಇಳಿದು ಮಧ್ಯಾಹ್ನಕ್ಕೆ ಮತ್ತೆ ಏರುವುದರಿಂದ, ಹಗಲಿನ ಅಂಕಿಯೊಂದನ್ನೇ ನಂಬಿದರೆ ಕೊಳೆತ ಕೆರೆಯೂ ಆರೋಗ್ಯವಾಗಿರುವಂತೆ ತೋರುತ್ತದೆ.

ಎಂಜಿನ್ ದೋಣಿಯಲ್ಲಿ ಹೋಗುವುದಾದರೆ ಜಾಗ ತಲುಪುವ ಮೊದಲೇ ಎಂಜಿನ್ ನಿಲ್ಲಿಸಿ, ಗಾಳಿಗೆ ಎದುರಾಗಿ ಮುಂಭಾಗದಿಂದ ಬಾಟಲಿ ಇಳಿಸಬೇಕು. ಇಲ್ಲವಾದರೆ ನಿಮ್ಮ ದೋಣಿಯ ಎಣ್ಣೆಯನ್ನೇ ಅಳೆದಂತಾಗುತ್ತದೆ. ಬಾಟಲಿಯ ಬಾಯಿ ನೀರಿನ ಮೇಲ್ಮೈಯಿಂದ ಸುಮಾರು 30 ಸೆಂ.ಮೀ. ಕೆಳಗಿರಲಿ. ಎಣ್ಣೆ ಮತ್ತು ಗ್ರೀಸಿನ ಮಾದರಿಗೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಮತ್ತು ಅದನ್ನು ಕೆರೆಯ ನೀರಿನಲ್ಲಿ ಜಾಲಿಸಬಾರದು, ಏಕೆಂದರೆ ಎಣ್ಣೆ ಗಾಜಿಗೆ ಅಂಟಿ ಉಳಿದು ಲೆಕ್ಕ ಕೆಡಿಸುತ್ತದೆ. ಲೋಹಗಳ ಮಾದರಿಗೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಸೇರಿಸಬೇಕು. ಬಿಓಡಿ (ನೀರಿನ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ) ಮತ್ತು ಕೋಲಿಫಾರ್ಮ್ ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಬೇಕು. ನಮ್ಮ ಬಿಸಿಲಿನಲ್ಲಿ ಈ ಎಚ್ಚರ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಸ್ನಾನಯೋಗ್ಯ ನೀರಿನಲ್ಲಿ ಲೀಟರಿಗೆ ಆಮ್ಲಜನಕ ಕನಿಷ್ಠ 5 ಮಿ.ಗ್ರಾಂ., ಬಿಓಡಿ ಗರಿಷ್ಠ 3 ಮಿ.ಗ್ರಾಂ., ಪಿಎಚ್ 6.5ರಿಂದ 8.5ರೊಳಗೆ ಇರಬೇಕು.

ನೀರಿನ ಅಂಕಿ ಆ ದಿನದ್ದಷ್ಟೇ, ಹೂಳಿನದು ಹಲವು ವರ್ಷಗಳದ್ದು. ಹಾಗಾಗಿ ಹಣ ಕಡಿಮೆ ಇದ್ದರೆ ನಾನು ಹೂಳನ್ನೇ ಆರಿಸುತ್ತೇನೆ. ಎರಡು ಇಂಚಿನ ಪಿವಿಸಿ ಪೈಪನ್ನು ಕೆಸರಿಗೆ ನೇರವಾಗಿ ಒತ್ತಿ, ಮೇಲಿನ ಬಾಯಿಯನ್ನು ಗಾಳಿಯಾಡದಂತೆ ಮುಚ್ಚಿ ನಿಧಾನವಾಗಿ ಎಳೆದರೆ ಹೂಳಿನ ಪದರಗಳು ಹಾಗೆಯೇ ಮೇಲೆ ಬರುತ್ತವೆ. ಮೇಲಿನ 5 ಸೆಂ.ಮೀ. ಮತ್ತು ತಳದ 5 ಸೆಂ.ಮೀ. ಭಾಗಗಳನ್ನು ಪ್ಲಾಸ್ಟಿಕ್ ಚಮಚದಿಂದ ಬೇರೆ ಬೇರೆ ಡಬ್ಬಿಗೆ ತೆಗೆಯಬೇಕು, ಉಕ್ಕಿನ ಸಲಾಕೆ ಬೇಡ. ಎಣ್ಣೆಯಂಶದ ಪರೀಕ್ಷೆಗೆ ಹೋಗುವ ಹೂಳು ಮಾತ್ರ ಗಾಜಿನ ಸೀಸೆಯಲ್ಲಿರಲಿ. ಹೂಳೆತ್ತಿದ ಕೆರೆಯಲ್ಲಿ ಪದರಗಳು ಕಲಸಿಹೋಗಿರುತ್ತವೆ, ಹಾಗಾಗಿ ಹೂಳೆತ್ತಿದ್ದಾರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ವರದಿ ಓದುವಾಗ ಹೆಚ್ಚಿನವರು ಎಡವುವುದು ತಾಮ್ರದ ಅಂಕಿಯಲ್ಲಿ. ಸಿಹಿನೀರಿನ ಹೂಳಿಗೆ ವ್ಯಾಪಕವಾಗಿ ಬಳಸುವ ಮಾರ್ಗಸೂಚಿಯಲ್ಲಿ, ತಾಮ್ರ ಒಣತೂಕದ ಕಿಲೋಗೆ 31.6 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಜೀವಿಗಳಿಗೆ ಹಾನಿ ಅಪರೂಪವೆಂದೂ 149 ದಾಟಿದರೆ ಸಂಭವನೀಯವೆಂದೂ ಹೇಳಲಾಗಿದೆ. ಆದರೆ ಕಲಬುರಗಿ ಸೀಮೆಯ ಎರೆಮಣ್ಣು ಬಹುಪಾಲು ಬಸಾಲ್ಟ್ ಕಲ್ಲಿನಿಂದ ಹುಟ್ಟಿದ್ದು, ಆ ಕಲ್ಲಿನಲ್ಲೇ ತಾಮ್ರ ಹೆಚ್ಚು. ದೋಣಿಯೇ ಇಲ್ಲದ ಕೆರೆಯ ಹೂಳೂ ಮೊದಲ ಮಿತಿಯನ್ನು ದಾಟಬಹುದು. ಬೀದರಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಕಿಗೂ ಇದೇ ಮಾತು. ಆದ್ದರಿಂದ ಕೆರೆಗೆ ನೀರು ಹರಿದುಬರುವ ಕಡೆಯ, ರಸ್ತೆ ಮತ್ತು ಕೀಟನಾಶಕ ಸಿಂಪಡಿಸಿದ ಹೊಲಗಳಿಂದ ದೂರದ ಮಣ್ಣನ್ನೂ ಪರೀಕ್ಷೆಗೆ ಕಳುಹಿಸಬೇಕು. ಹೂಳು ಮತ್ತು ಮಣ್ಣಿನ ಎಲ್ಲ ಮಾದರಿಗಳನ್ನೂ 63 ಮೈಕ್ರಾನ್ ಜರಡಿಯಲ್ಲಿ ಸೋಸಿ, ತಾಮ್ರದ ಅಂಕಿಯನ್ನು ಮಣ್ಣಿನಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂನ ಅಂಕಿಯಿಂದ ಭಾಗಿಸಿ ಅನುಪಾತ ನೋಡಬೇಕು. ಕಟ್ಟೆಯ ಬಳಿಯ ಅನುಪಾತ ನಡುಗೆರೆಯದಕ್ಕಿಂತಲೂ ಮೂಲಮಣ್ಣಿನದಕ್ಕಿಂತಲೂ ಸ್ಪಷ್ಟವಾಗಿ ಹೆಚ್ಚಿದ್ದಾಗ ಮಾತ್ರ ದೋಣಿಯ ಬಣ್ಣದ ಮೇಲೆ ಅನುಮಾನಪಡಲು ಆಧಾರವಿದೆ. ಚರಂಡಿಯ ಬಾಯಲ್ಲೂ ಅಷ್ಟೇ ಏರಿದ್ದರೆ ಮೂಲವನ್ನು ಊರಿನ ಕಡೆ ಹುಡುಕಬೇಕು.

ಪರೀಕ್ಷೆಗೆ ಕಳುಹಿಸಿ ಉಳಿದ ಒಣ ಹೂಳನ್ನು ಜಾಗ, ಆಳ, ದಿನಾಂಕ ಬರೆದ ಸೀಸೆಯಲ್ಲಿ ಮುಚ್ಚಿಡಿ; ಮುಂದೆ ಯಾರಾದರೂ ಲೋಹಗಳ ಅಂಕಿಯನ್ನು ಪ್ರಶ್ನಿಸಿದರೆ ಅದೇ ಮಾದರಿಯನ್ನು ಇನ್ನೊಂದು ಪ್ರಯೋಗಾಲಯಕ್ಕೆ ಕೊಡಬಹುದು.